ಹೊಸ ಆಲ್ವೆರಾದ ಸದ್ದು

ಸೋಮಲಿಂಗನ ಮೀಸೆ ಅಲುಗುತ್ತಿದೆ, ಅಂದರೆ ಮಾತಾಡುತ್ತಿದ್ದಾನೆ, ಅಂದರೆ ನಾನು ತಲೆಯಾಡಿಸಬೇಕು, ಆಡಿಸಿದೆ. ಮೇಲ್ತುಟಿ ಪೂರ್ತಿ ಮೀಸೆಯೊಳಗೆ, ಕೆಳತುಟಿ ಒಂದನ್ನೇ ನಂಬಿ ಮಾತು ಹಿಡಿಯಬೇಕು, ಇಷ್ಟು ವರ್ಷದ ಗೆಳೆತನದಲ್ಲಿ ಈ ಮೀಸೆ ಒಂದು ದಿನವೂ ನನಗೆ ಅಡ್ಡ ಬಂದಿರಲಿಲ್ಲ, ಈಗ ನೋಡಿದರೆ ಇಷ್ಟು ದಪ್ಪ ಯಾಕೆ ಬಿಟ್ಟಿದ್ದಾನೋ ಅನ್ನಿಸುತ್ತದೆ. ಮುರಗೆಪ್ಪ ಇನ್ನೂ ಕಷ್ಟ, ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ತುಟಿ ತೆರೆಯದೆ ಮಾತಾಡುವ ಆಸಾಮಿ, ಮುಧೋಳದಲ್ಲಿ ಅಷ್ಟು ಕಬ್ಬಿನ ಹೊಲ ಇಟ್ಟುಕೊಂಡು ಮಾತಿಗೆ ಮಾತ್ರ ಇಷ್ಟು ಜಿಪುಣ — ಅವನ ಮಾತನ್ನು ನಾನು ಹುಬ್ಬಿನಿಂದ ಊಹಿಸುತ್ತೇನೆ. ಮಹಾಲಿಂಗಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ಸೋಮಲಿಂಗನ ಗಾಡಿ ಬಿಡಿಭಾಗದ ಅಂಗಡಿ, ಮುಂದೆ ಕಟ್ಟಿಗೆಯ ಬೆಂಚು, ನಾವು ಮೂವರು, ಬಿಸಿಲು, ಬೆಲ್ಲದ ವಾಸನೆ, ಡೀಸೆಲ್ಲಿನ ವಾಸನೆ. ಮೂಗು ಸರಿಯಾಗಿದೆ, ಕಣ್ಣು ಸರಿಯಾಗಿದೆ. ಬೆಳಿಗ್ಗೆ ಜಮಖಂಡಿಯ ಕಿವಿ ಡಾಕ್ಟರ್ ಮುಖದ ಮಾಸ್ಕು ಕೆಳಗೆ ಜಗ್ಗಿ ಹೇಳಿದ, ಎರಡು ಸಲ ಹೇಳಿದ, ನರಾನ ಹೋಗ್ಯಾವ್ರಿ ಧರ್ಮರಾಜ ಅವರ, ಹೋಗಿದ್ದು ಹೋತು, ಉಳಿದಿದ್ದೂ ನಿಲ್ಲೂದು ಕಷ್ಟ ಐತಿ, ಮಷೀನ ಹಾಕ್ಕೊಂಡರ ಒಂದಿಷ್ಟು ಮಾತಾರ ತಿಳೀತಾವ. ಅದಕ್ಕೂ ಮುಂಚೆ ಒಂದು ಗಾಜಿನ ಕೋಣೆಯಲ್ಲಿ ಕೂಡಿಸಿದ್ದರು, ತಲೆಗೆ ಹೆಡ್‌ಫೋನ್, ಕೈಗೊಂದು ಗುಂಡಿ, ಸಪ್ಪಳ ಕೇಳಿದ ಕೂಡಲೆ ಒತ್ತರಿ ಅಂದಿದ್ದಳು ಅಲ್ಲಿಯ ಹುಡುಗಿ, ನಾನು ಕಾದೆ, ಮರ್ಯಾದಸ್ಥನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕಾದೆ, ಅವಳು ಬಂದು ಹೆಡ್‌ಫೋನ್ ತೆಗೆದಳು, ಯಾವಾಗ ಚಾಲೂ ಮಾಡ್ತೀರಿ ಅಂತ ಕೇಳಿದೆ, ಮುಗೀತ್ರಿ ಅಂದಳು. ಅಳು ಬರಬೇಕಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಳುವುದಕ್ಕೆ ಜಾಗ ಮಾಡಿಕೊಂಡೆ, ಬರಲಿಲ್ಲ, ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಇದೆ, ನನ್ನದು ಅನ್ನಿಸುವುದಿಲ್ಲ. ಬನಹಟ್ಟಿ ಬಂದರೂ ಇಳಿಯದೆ ಇಲ್ಲಿಗೇ ಬಂದೆ, ಸೋಮಲಿಂಗನಿಗೆ ಮೊದಲು ಹೇಳೋಣ ಅಂತ.

ಆದರೆ ಇವತ್ತೇ ಆಲ್ವೆರಾ ಬರಬೇಕೇ. ಎಲ್ಲೋ ಹೊರದೇಶದಲ್ಲಿ ಪರದೆ ಸರಿಸಿದ್ದಾರೆ, ಇಪ್ಪತ್ತೈದು ವರ್ಷದ ಮೇಲೆ ಹೊಸ ತಲೆಮಾರಿನ ಆಲ್ವೆರಾ ಕಾರು, ಎರಡು ಬಾಗಿಲು, ಅದೇ ಉದ್ದ ಮೂತಿ, ಆದರೆ ಆ ದುಂಡು ಕಣ್ಣು ಹೋಗಿ ಸೀಳುಗಣ್ಣು ಬಂದಿದೆ, ಗೇರಿನ ಕೋಲು ಹೋಗಿದೆ, ಒಳಗೆ ಟೀವಿಯಷ್ಟು ದೊಡ್ಡ ಪರದೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಬೆಳಗಿನಿಂದ ಬೆಂಕಿ ಬಿದ್ದಿದೆ. ಬಾದಾಮಿಯಿಂದ ಬೀಳಗಿಯ ತನಕ ಇರುವ ಕಾರುಪ್ರೇಮಿಗಳು, ಅರ್ಧ ಜನ ಓಡಿಸುವುದು ಮೋಟಾರ್‌ಸೈಕಲ್ಲು, ಒಬ್ಬರೂ ಆ ಕಾರಿನಲ್ಲಿ ಕೂತವರಲ್ಲ, ನಾನೂ ಕೂತಿಲ್ಲ, ಆದರೆ ದುಃಖ ನೋಡಬೇಕು ಒಬ್ಬೊಬ್ಬರದು — ಇಸ್ತ್ರಿ ಪೆಟ್ಟಿಗಿಗೆ ಗಾಲಿ ಹಚ್ಯಾರ, ಅಂತ ಒಬ್ಬ, ಮುಖಾ ನೋಡಿದ್ರ ನಿದ್ದಿಗೆಟ್ಟವರಂಗ ಐತಿ, ಅಂತ ಇನ್ನೊಬ್ಬ, ಗೇರ ಇಲ್ಲದ ಗಾಡಿ ಯಾತಕ್ಕಲೇ, ಕೂತ ನೋಡಾಕೇನು, ಅಂತ ಬೀಳಗಿಯ ಗುರುಪಾದ ಮಾಸ್ತರ, ಅದಕ್ಕೆ ಹುಡುಗರ ಪಾರ್ಟಿಯಿಂದ ಉತ್ತರ, ಹಳೇ ಮಂದಿ ನೀವು ಎತ್ತಿನಗಾಡಿ ಹೂಡ್ರಿ, ಹೊಸಾದು ಛಲೋ ಐತಿ. ಎಲ್ಲಕ್ಕಿಂತ ದೊಡ್ಡ ಜಗಳ ಸದ್ದಿನದು. ಹೊಸದರಲ್ಲಿ ಅರ್ಧ ಬ್ಯಾಟರಿ, ಎಂಜಿನ್ನು ಮೊದಲಿನ ಹಾಗೆ ಗುಡುಗುವುದಿಲ್ಲವಂತೆ, ಗುಡುಗನ್ನು ಸ್ಪೀಕರಿನಿಂದ ಬಿಡುತ್ತಾರಂತೆ. ಈ ಸುದ್ದಿ ಹೋದ ವಾರವೇ ಹೊರಬಿದ್ದು ಒಂದು ಸಣ್ಣ ವಿಡಿಯೋ ಗ್ರೂಪಿಗೆ ಬಂದಾಗ ನಾನು ಉದ್ದಕ್ಕೆ ಬರೆದಿದ್ದೆ, ಇದು ಸದ್ದಲ್ಲ, ಸದ್ದಿನ ವೇಷ, ಗಂಟಲು ಇಲ್ಲ, ಎದೆ ಇಲ್ಲ, ಅಂತ. ನೂರಾರು ಕೈಮುಗಿದ ಗುರುತು ಬಂದವು. ಫೋನನ್ನು ಕಿವಿಗೆ ಒತ್ತಿ ಹಿಡಿದಾಗ ನನಗೆ ಏನೂ ಕೇಳಿರಲಿಲ್ಲ, ನನಗಿಂತ ಮೊದಲು ಬರೆದವರ ಬೈಗುಳವನ್ನೆಲ್ಲ ಕೂಡಿಸಿ ಅಚ್ಚುಕಟ್ಟು ಮಾಡಿದೆ ಅಷ್ಟೆ. ಬರೆಯುವಲ್ಲಿ ಯಾರೂ ಕಿವುಡರಲ್ಲ, ಅದಕ್ಕೇ ಈಚೆಗೆ ಗ್ರೂಪಿನಲ್ಲಿ ನಾನು ಜಾಸ್ತಿ ಮಾತಾಡುತ್ತೇನೆ.

ಹಳೆಯ ಆಲ್ವೆರಾವನ್ನು ಕೇಳಿದ್ದು ಒಂದೇ ಸಲ. ಸೋಮಲಿಂಗನ ಸ್ಕೂಟರಿನಲ್ಲಿ ಹೋಗಿ ಜಮಖಂಡಿಯ ಆಚೆ ಕೃಷ್ಣೆಯ ಸೇತುವೆಯ ಮೇಲೆ ನಿಂತಿದ್ದೆವು, ಹೊಳೆ ತುಂಬಿತ್ತು, ಕೆಂಪು ನೀರು, ಇಬ್ಬರಿಗೂ ಮೀಸೆ ಆಗತಾನೇ ಮೂಡುತ್ತಿದ್ದ ಕಾಲ, ನೀರಿನ ಸದ್ದಿನೊಳಗಿಂದ ನನಗೊಂದು ಸದ್ದು ಬಂತು, ಬೇರೆ ತರಹದ್ದು, ದೂರದಲ್ಲಿ ಯಾರೋ ದಪ್ಪ ಬಟ್ಟೆಯನ್ನು ಉದ್ದಕ್ಕೆ ಹರಿಯುತ್ತಿರುವ ಹಾಗೆ, ಬಂತು ನೋಡಲೇ ಅಂದೆ, ಏನ ಬಂತು, ಲಾರಿ ಅದು ಅಂದ ಸೋಮಲಿಂಗ, ಲಾರಿ ಅಲ್ಲ ಅಂದೆ, ಲಾರಿ ಅಲ್ಲ, ಬಸ್ಸೂ ಅಲ್ಲ, ಆರು ಸಿಲಿಂಡರು, ಮ್ಯಾಗಝಿನ್ನಿನ್ಯಾಗ ಬರದಾರಲ್ಲ ಅದು, ಅಂದೆ, ಅಂವ ನಕ್ಕ, ನಗು ಮುಗಿಯುವ ಮೊದಲು ತಿರುವಿನಲ್ಲಿ ಕೆಂಪಗೆ, ತಗ್ಗಾಗಿ, ದುಂಡು ಕಣ್ಣು ಬಿಟ್ಟುಕೊಂಡು — ಗೋವಾದಿಂದ ಯಾರೋ ಶ್ರೀಮಂತರು ಹೊರಟಿದ್ದರು, ನಮ್ಮನ್ನು ನೋಡಲೂ ಇಲ್ಲ, ಸೇತುವೆ ನಡುಗಿತು, ನನ್ನ ಕೊರಳಿನ ಸುತ್ತ ಚರ್ಮ ಜುಮ್ಮೆಂದಿತು. ಅವತ್ತಿನಿಂದ ಸೋಮಲಿಂಗ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದ, ಧರ್ಮಣ್ಣನ ಕಿವಿ ಅಂದ್ರ ಕಿವಿ, ಗಾಡಿ ಇನ್ನ ತೇರದಾಳದಾಗ ಇರತೈತಿ, ಇಂವ ಇಲ್ಲಿ ಕುಂತ ಹೆಸರ ಹೇಳತಾನ. ಅರ್ಧ ಸುಳ್ಳು, ಆದರೂ ನನಗೆ ಹಿತವಾಗುತ್ತಿತ್ತು. ಈ ಬೆಂಚಿನ ಮೇಲೆ ನಾನು ಯಾರು ಅಂತ ಕೇಳಿದರೆ ನಾನು ಆ ಕಿವಿ. ಬನಹಟ್ಟಿಯಲ್ಲಿ ಮಗ್ಗದ ಧರ್ಮರಾಜರು ಬೇಕಾದಷ್ಟು ಜನ ಸಿಗುತ್ತಾರೆ.

ಮಗ್ಗ. ಎಲ್ಲ ಅಲ್ಲೇ ಆಯಿತು, ಆದದ್ದು ಯಾವಾಗ ಅಂತ ಮಾತ್ರ ಗೊತ್ತಿಲ್ಲ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಹುಟ್ಟಿ ಬೆಳೆದವನು, ಅಲ್ಲಿ ಯಾರೂ ಯಾರ ಮಾತನ್ನೂ ಕಿವಿಯಿಂದ ಕೇಳುವುದಿಲ್ಲ, ಹೆಬ್ಬೆರಳು ಬಾಯಿಗೆ ಒಯ್ದರೆ ಚಹಾ, ಎರಡು ಬೆರಳು ಕತ್ತರಿ ಮಾಡಿದರೆ ಎಳೆ ಹರಿದಿದೆ, ಮೀಸೆ ತಿರುವಿದರೆ ಮಾಲಕ ಬಂದ, ನನಗೆ ಮೀಸೆ ಇಲ್ಲ, ಆದರೂ ನಾನು ಒಳಗೆ ಕಾಲಿಟ್ಟರೆ ಎಲ್ಲರೂ ಮೀಸೆ ತಿರುವುತ್ತಾರೆ. ಉಳಿದದ್ದೆಲ್ಲ ತುಟಿ ನೋಡಿ. ಹೊರಗೆ ಬಂದರೂ ಅದೇ ರೂಢಿ, ಇಡೀ ಊರು ಒದರಿ ಮಾತಾಡುತ್ತದೆ, ಮುಖ ನೋಡಿ ಮಾತಾಡುತ್ತದೆ, ಅಂಥ ಊರಿನಲ್ಲಿ ಒಬ್ಬ ಕಿವುಡನಾದರೆ ಯಾರಿಗೆ ತಿಳಿಯಬೇಕು, ಅವನಿಗೇ ತಿಳಿಯಲಿಲ್ಲ. ಹೋದ ದಸರೆಗೆ ನನಗೆ ಮಗ್ಗಗಳು ಮೆತ್ತಗೆ ಓಡುತ್ತಿವೆ ಅನ್ನಿಸಿತು, ಖಟಪಟ ಕಡಿಮೆಯಾಗಿತ್ತು, ಖುಷಿಯಾಯಿತು, ಖರೆ ಹೇಳಬೇಕೆಂದರೆ ಹೆಮ್ಮೆಯಾಯಿತು, ರಿಪೇರಿಯ ಅಮಸಿದ್ದಪ್ಪನನ್ನು ಕರೆದು ಏನ ಮಾಡಿದಿ ಮಾರಾಯಾ, ಮಗ್ಗಾ ಎಷ್ಟ ಸಣ್ಣಗ ಮಾತಾಡಾಕತ್ತಾವ ಅಂದೆ, ಅಂವ ನನಗಿಂತ ಇಪ್ಪತ್ತು ವರ್ಷ ಹೆಚ್ಚು ಮಗ್ಗದ ನಡುವೆ ಬದುಕಿದವನು, ಹೌದರಿ ಮಾಲಕರ, ನನಗೂ ಹಂಗ ಅನಸಾಕತ್ತೈತಿ, ಹೊಸಾ ಎಣ್ಣಿ ಛಲೋ ಬಂದೈತಿ ಅಂದ. ಆಯುಧ ಪೂಜೆಯ ದಿನ ಅವನಿಗೆ ಧೋತರ ಹೊದಿಸಿ ಸನ್ಮಾನ ಮಾಡಿದೆ. ಇಬ್ಬರು ಕಿವುಡರು, ನಡುವೆ ಒಂದು ಎಣ್ಣೆಯ ಡಬ್ಬಿ, ಪೇಢೆ ಹಂಚಿದೆವು. ಮನೆಯಲ್ಲಿ ಹೆಂಡತಿ ರಾಜಶ್ರೀ ಮಾತ್ರ ಒಲೆಯ ಮುಂದಿನಿಂದ ಕರೆಯುತ್ತಾಳೆ, ನನ್ನ ಬೆನ್ನಿಗೆ ಕರೆಯುತ್ತಾಳೆ, ಬೆನ್ನಿಗೆ ತುಟಿ ಕಾಣುವುದಿಲ್ಲ, ಎದುರು ಬಂದು ನಿಂತಾಗ ಅವಳ ಕಣ್ಣು ಆಗಲೇ ತುಂಬಿರುತ್ತದೆ, ಗ್ವಾಡಿಗೆ ಹೇಳಿದ್ರ ಗ್ವಾಡಿನಾರ ಕೇಳತೈತಿ, ನನ್ನ ಮ್ಯಾಲ ಇಷ್ಟ ಯಾಕ ಸಿಟ್ಟರಿ ನಿಮಗ. ಸಿಟ್ಟಿಲ್ಲ ಅಂದೆ. ಇದ್ದದ್ದನ್ನು ಅಂದೇ ಹೇಳಬಹುದಿತ್ತು, ಅನುಮಾನ ಅಷ್ಟೊತ್ತಿಗೆ ಬಂದಿತ್ತು, ಹೇಳಿದರೆ ಅದು ನಿಜವಾಗುತ್ತದೆ ಅಂತ ಹೆದರಿದೆ. ಈಗ ಅವಳು ಪಕ್ಕದ ಕೋಣೆಯಿಂದ ಫೋನಿಗೆ ಬರೆದು ಕಳಿಸುತ್ತಾಳೆ, ಊಟಾ ಆರಾಕತ್ತೈತಿ, ಅಂತ. ಮುನಿಸು ಅದು, ನನಗೆ ಉಪಕಾರವಾಗಿದೆ.

ಬೆಂಚಿನ ಮೇಲೆ ಏನೋ ನಡೆಯುತ್ತಿದೆ. ಸೋಮಲಿಂಗ ಒಳಗಿನಿಂದ ಸ್ಪೀಕರು ತಂದು ನನ್ನ ಪಕ್ಕ ಇಟ್ಟ, ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳುತ್ತಿದ್ದಾನೆ, ಕೆಳತುಟಿ, ಕೆಳತುಟಿ ನೋಡು — ಎರಡೂ ಪಾರ್ಟಿ ಬಾಯಿ ಇವತ್ತ ಮುಚ್ಚಸೂನು, ಹಳೀದರ ಸಪ್ಪಳಾ ಹೊಸಾದರ ಸಪ್ಪಳಾ ಎರಡೂ ಇದರಾಗ ಹಚ್ಚತೀನಿ, ನೀ ಕಣ್ಣ ಮುಚ್ಚಿ ಯಾವುದ ಯಾವುದು ಅಂತ ಹೇಳು, ವಿಡಿಯೋ ಮಾಡಿ ಗ್ರೂಪಿಗೆ ಒಗಿಯೂನು, ಧರ್ಮಣ್ಣಾ ಹೇಳಿದ ಮ್ಯಾಲ ಮುಗೀತು. ಮುರಗೆಪ್ಪ ತನ್ನ ಫೋನನ್ನು ಆಯಿಲ್ ಡಬ್ಬಿಗೆ ಆನಿಸಿ ನಿಲ್ಲಿಸಿದ್ದಾನೆ, ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗುತ್ತಿದೆ, ಹುಬ್ಬು ಹಾರಿಸಿ ಏನೋ ಅಂದ, ಶುರು ಅಂದಿರಬೇಕು. ಬ್ಯಾಡಲೇ, ಅಂದೆ. ಯಾಕ ಬ್ಯಾಡ. ತಲೀ ನೋಯಾಕತ್ತೈತಿ. ತಲೀಗೇನ ಕೆಲಸ, ಕಿವೀಗೈತಿ ಕೆಲಸ, ಅಂದು ನಗುತ್ತಾನೆ. ಹೇಳು, ಈಗ ಹೇಳು, ಹೇಳುವುದಕ್ಕೇ ಬಂದದ್ದು, ಸೋಮ್ಯಾ ನನ್ನ ಕಿವಿ ಹೋಗ್ಯಾವ ಅನ್ನು, ನಾಲ್ಕು ಮಾತು, ಆಮೇಲೆ ಅಂವ ನನ್ನ ಮುಖವನ್ನು ಹೇಗೆ ನೋಡುತ್ತಾನೆ ಅಂತ ನನಗೆ ಗೊತ್ತು, ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋದವರು ನೋಡುವ ಹಾಗೆ. ಬಾಯಿ ತೆರೆದೆ. ಅಷ್ಟರಲ್ಲಿ ಅವನ ಹೆಗಲ ಮೇಲಿನ ಟವೆಲು ನನ್ನ ಕಣ್ಣಿನ ಮೇಲೆ ಬಂತು, ಗ್ರೀಸಿನ ವಾಸನೆ, ತಲೆಯ ಹಿಂದೆ ಗಂಟು.

ಕತ್ತಲೆ. ತುಟಿ ಇಲ್ಲ, ಹುಬ್ಬು ಇಲ್ಲ, ಯಾರೂ ಇಲ್ಲ — ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ, ಬೆಂಚು ಇದೆ, ಬಿಸಿಲು ಮೊಣಕಾಲಿಗೆ ತಾಗುತ್ತಿದೆ, ಉಳಿದ ಲೋಕ ಎದ್ದು ಹೋಗಿದೆ. ಹೆದರಿಕೆಯಾಗಬೇಕು, ಎಲ್ಲೋ ಒಳಗೆ ಆಗುತ್ತಲೂ ಇದೆ, ಬೇರೆ ಯಾರದೋ ಹೆದರಿಕೆಯ ಹಾಗೆ. ಎರಡರಲ್ಲಿ ಒಂದು, ಯಾವುದಾದರೊಂದು ಹೇಳಿಬಿಡು, ಅರ್ಧಕ್ಕರ್ಧ ಅವಕಾಶ ಇದೆ, ಇಲ್ಲ, ತಡಿ, ಅಂಗೈ — ಶೆಡ್ಡಿನಲ್ಲಿ ಈಗೀಗ ಮಾಡುವುದು ಅದನ್ನೇ, ಮಗ್ಗದ ಚೌಕಟ್ಟಿಗೆ ಅಂಗೈ ಇಟ್ಟರೆ ಓಟ ಸರಿಯಿದೆಯೋ ಇಲ್ಲವೋ ಕೈಗೆ ಬರುತ್ತದೆ, ಸ್ಪೀಕರು ಇದೇ ಬೆಂಚಿನ ಮೇಲಿದೆ, ಕಟ್ಟಿಗೆ ಸುಳ್ಳು ಹೇಳುವುದಿಲ್ಲ, ಎರಡೂ ಅಂಗೈ ಒತ್ತಿದೆ, ಏನೂ ಇಲ್ಲ, ಏನೂ ಇಲ್ಲ, ಬಂತು. ಸಣ್ಣ ನಡುಕ, ಹತ್ತಿರ ಹತ್ತಿರ, ಬೆರಳ ತುದಿಯಿಂದ ಮಣಿಕಟ್ಟಿಗೆ, ಹೋಯಿತು. ಇದು ಮೊದಲನೆಯದು. ಮತ್ತೆ ಬಿಡುವು. ಮತ್ತೆ, ಅಯ್ಯೋ, ಇದು ಬೇರೆ, ಇದು ದಪ್ಪ, ತೊಡೆಗೆ, ಬೆನ್ನಿಗೆ, ಹಲ್ಲಿನ ಬುಡಕ್ಕೆ, ಎದೆಯೊಳಗೆ ಯಾರೋ ಗುದ್ದುತ್ತಿರುವ ಹಾಗೆ, ಸೇತುವೆ ಹೀಗೇ ನಡುಗಿತ್ತು, ಚರ್ಮ ಜುಮ್ಮೆಂದಿತು, ಬೆಳಗಿನಿಂದ ಮೊದಲ ಸಲ ಮೈ ನನ್ನದಾಯಿತು, ಕಣ್ಣಲ್ಲಿ ನೀರು ಬಂದು ಟವೆಲಿಗೆ ಹೋಯಿತು, ಇದೇ, ಇದೇ ಹಳೆಯದು, ಡಾಕ್ಟರಿಗೇನು ಗೊತ್ತು ಅಂದುಕೊಂಡೆ, ದನಿ ಎತ್ತಿ ಹೇಳಿದೆ, ಕ್ಯಾಮೆರಾದ ಕಡೆ ಮುಖ ಮಾಡಿ ಹೇಳಿದೆ, ಮೊದಲನೇದು ಹೊಸಾದು, ತೆಳ್ಳಗೈತಿ, ಹೊಟ್ಟಿಯೊಳಗಿಂದ ಬಂದಿಲ್ಲ, ಇದು ನೋಡ್ರಿ, ಈಗ ಬರಾಕತ್ತೈತಲ್ಲ, ಇದು ನಮ್ಮ ಆಲ್ವೆರಾ, ಎಂಥಾ ಗಂಟಲಾ ಅದರದು, ಎಂಥಾ ಎದಿ, ಇದರ ಮುಂದ ಸ್ಪೀಕರಿನ ಆಟ ನಡಿಯೂದಿಲ್ಲ ಅಂದೆ. ನಗುತ್ತಲೇ ಟವೆಲು ತೆಗೆದೆ.

ಬೆಳಕು. ರಸ್ತೆ. ರಸ್ತೆಯ ತುಂಬ ಕಬ್ಬು, ಟ್ರ್ಯಾಕ್ಟರು, ಅದರ ಹಿಂದೆ ಎರಡು ಗಾಡಿ ಕಬ್ಬು, ಟ್ರ್ಯಾಕ್ಟರಿನ ತಲೆಯ ಮೇಲೆ ಕಪಾಟಿನಷ್ಟೆತ್ತರದ ಹಾಡಿನ ಪೆಟ್ಟಿಗೆಗಳು, ಪೆಟ್ಟಿಗೆಯ ಕರಿ ಬಾಯಿ ಒಳಗೆ ಹೊರಗೆ ಉಸಿರಾಡುತ್ತಿದೆ, ಡ್ರೈವರ್ ಭುಜ ಕುಣಿಸುತ್ತಿದ್ದಾನೆ, ಇನ್ನೊಂದು ಟ್ರ್ಯಾಕ್ಟರು ಆಗಲೇ ದಾಟಿ ಫ್ಯಾಕ್ಟರಿಯ ಕಡೆ ಹೋಗಿದೆ. ಸೋಮಲಿಂಗ ಅಂಗಡಿಯ ಮೆಟ್ಟಿಲ ಮೇಲೆ, ಒಂದು ಕೈಯಲ್ಲಿ ಫೋನು, ಒತ್ತದ ಹೆಬ್ಬೆರಳು, ಇನ್ನೊಂದು ಕೈ ನನ್ನ ಕಡೆ ಎತ್ತಿದೆ, ತಡಿ, ಇದು ದಾಟಲಿ ತಡಿ ಅನ್ನುವ ಕೈ, ಎತ್ತಿದ್ದು ಎತ್ತಿದಂತೆಯೇ ನಿಂತಿದೆ. ಮುರಗೆಪ್ಪ ಬೆಂಚಿನ ತುದಿಯಲ್ಲಿ ಮುಖ ಕಿವುಚಿಕೊಂಡು ಎರಡೂ ಕಿವಿಯಲ್ಲಿ ಬೆರಳು ತುರುಕಿಕೊಂಡಿದ್ದಾನೆ. ಸೋಮಲಿಂಗ ನನ್ನನ್ನೇ ನೋಡುತ್ತಿದ್ದಾನೆ, ತುಟಿ ಬಿಡಿಬಿಡಿಯಾಗಿ, ಧರ್ಮಣ್ಣಾ, ನಾ ಇನ್ನೂ ಹಚ್ಚೇ ಇಲ್ಲಲೇ. ಕೆಂಪು ಚುಕ್ಕೆ ಮಿನುಗುತ್ತಿದೆ. ಏನಾದರೂ ಹೇಳಬೇಕು, ಚೇಷ್ಟಿ ಮಾಡಿದೆ ಅನ್ನಬೇಕು, ಮುರಗೆಪ್ಪನ ಬೆರಳು, ಗೆಣ್ಣಿನ ತನಕ ಒಳಗೆ, ಅಷ್ಟು ಸದ್ದಿತ್ತೇ, ಬೆರಳು ಹಾಕಿಕೊಳ್ಳುವಷ್ಟು ಸದ್ದು, ಸೋಮಲಿಂಗ ಮೆಟ್ಟಿಲು ಇಳಿಯುತ್ತಿದ್ದಾನೆ, ಟ್ರ್ಯಾಕ್ಟರು ದಾಟುತ್ತಿದೆ, ಮುರಗೆಪ್ಪ ಇನ್ನೂ ತೆಗೆದಿಲ್ಲ, ಹಿಂಡಿ ಹಿಡಿದಿದ್ದಾನೆ, ಬಲಗಿವಿಯಲ್ಲಿ ಒಂದು ಬೆರಳು, ಎಡಗಿವಿಯಲ್ಲಿ ಒಂದು ಬೆರಳು, ಉಗುರು ಕಾಣದಷ್ಟು ಒಳಗೆ, ಕಿವಿಯಲ್ಲಿ ಬೆರಳು, ಎರಡೂ ಕಿವಿಯಲ್ಲಿ ಬೆರಳು.