ಎಡಗೆನ್ನೆಯ ನೊರೆ

೧

ಈ ಕಥೆಯನ್ನು ಸೋಪಿನಿಂದ ಶುರುಮಾಡಬೇಕೋ ಅಪ್ಪನಿಂದ ಶುರುಮಾಡಬೇಕೋ ತಿಳಿಯದೆ ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಸೋಪಿನಿಂದ ಶುರುಮಾಡಿದರೆ ನೀವು ಜಾಹೀರಾತು ಅಂದುಕೊಂಡು ಪುಟ ತಿರುಗಿಸುತ್ತೀರಿ. ಅಪ್ಪನಿಂದ ಶುರುಮಾಡಿದರೆ, ಓಹೋ, ಕೊನೆಯಲ್ಲಿ ಅಪ್ಪ ಸಾಯುತ್ತಾರೆ ಎಂದು ಈಗಲೇ ಕರವಸ್ತ್ರ ಹುಡುಕುತ್ತೀರಿ. (ಸಾಯುವುದಿಲ್ಲ. ಅವರೇ ಷರತ್ತು ಹಾಕಿದ್ದಾರೆ. ಮುಂದೆ ಹೇಳುತ್ತೇನೆ.)

ಮೊದಲ ಕರಡಿನ ಮೊದಲ ವಾಕ್ಯ: "ಮುಂಜಾವಿನ ಹೊಂಬೆಳಕಿನಲ್ಲಿ ನೊರೆಯು ಮೋಡದಂತೆ ಅರಳಿತು." ಅಷ್ಟಕ್ಕೇ ಹರಿದು ಹಾಕಿದೆ. ನಮ್ಮ ಬಚ್ಚಲುಮನೆಗೆ ಹೊಂಬೆಳಕು ಬರುವುದಿಲ್ಲ. ಟ್ಯೂಬ್‌ಲೈಟ್ ಇದೆ, ಅದೂ ಮೂರು ಸಲ ಕಣ್ಣು ಮಿಟುಕಿಸಿ, ಮನಸ್ಸಿದ್ದರೆ ಹತ್ತಿಕೊಳ್ಳುತ್ತದೆ.

೨

ವಿಷಯ ಇಷ್ಟು. ನಾನು ಒಂದು ಪತ್ರಿಕೆಗೆ ಸಾಮಾನುಗಳ ಬಗ್ಗೆ ಬರೆದು ಹೊಟ್ಟೆ ಹೊರೆಯುವವನು. ಮಿಕ್ಸಿ, ಛತ್ರಿ, ಓಡುವವರ ಶೂ. ಕಳೆದ ವಾರ ಎಡಿಟರ್ ಮೇಡಂ ಒಂದು ಪೆಟ್ಟಿಗೆ ಕಳಿಸಿದರು. ಒಳಗೆ ಐದು ಪುಟಾಣಿ ಡಬ್ಬಿಗಳು, ಐದರಲ್ಲೂ ದುಬಾರಿ ಶೇವಿಂಗ್ ಸೋಪಿನ ಸ್ಯಾಂಪಲ್. ಜೊತೆಗಿದ್ದ ಚೀಟಿಯಲ್ಲಿ ದೊಡ್ಡ ಡಬ್ಬಿಯ ಬೆಲೆ ಓದಿದಾಗ ಅದರೊಂದಿಗೆ ಕ್ಷೌರ ಮಾಡುವವನನ್ನೂ ಕಳಿಸುತ್ತಾರೇನೋ ಅನ್ನಿಸಿತು.

"ಬೆಲೆಗೆ ತಕ್ಕ ಹಾಗಿದೆಯೋ ಇಲ್ವೋ, ಅಷ್ಟು ಹೇಳಿ ಸಾಕು," ಎಂದರು ಮೇಡಂ ಫೋನಿನಲ್ಲಿ. "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ನಿಮ್ಮದು ಯಾವಾಗ್ಲೂ ಅದೇ."

ನನಗೆ ಗಡ್ಡ ಬರುವುದೇ ಅಲ್ಲೊಂದು ಇಲ್ಲೊಂದು. ಸೋಪಿನ ಯೋಗ್ಯತೆ ಅಳೆಯುವಂಥ ಮುಖ ನನ್ನದಲ್ಲ. ಅಂಥ ಮುಖ ಮನೆಯಲ್ಲೇ ಇತ್ತು. ಅಪ್ಪನದು. ತಂತಿಯಂಥ ಗಡ್ಡ, ಅದರ ಮೇಲೆ ನಲವತ್ತೈದು ವರ್ಷ ಕ್ಷೌರದಂಗಡಿ ನಡೆಸಿದ ಅನುಭವ.

೩

(ಇಲ್ಲಿ ಅಪ್ಪನ ಕಾಯಿಲೆ ಹೇಳಬೇಕು. ಇದನ್ನು ಏಳು ಥರ ಬರೆದೆ. ಏಳರಲ್ಲೂ ನಾನು ಒಳ್ಳೆಯ ಮಗನಾಗಿ ಕಾಣುತ್ತಿದ್ದೆ. ಹಾಗಾಗಿ ಒಣಒಣವಾಗಿ ಹೇಳಿಬಿಡುತ್ತೇನೆ.)

ಎಂಟು ತಿಂಗಳ ಹಿಂದೆ ಅಪ್ಪನಿಗೆ ಎಡಭಾಗಕ್ಕೆ ಸ್ಟ್ರೋಕ್ ಆಯಿತು. ಓರೆಯಾಗಿದ್ದ ಬಾಯಿ ನೆಟ್ಟಗಾಯಿತು, ನಡಿಗೆ ಬಂತು, ಬೈಗುಳವೂ ಬಂತು. ಬಾರದೆ ಉಳಿದದ್ದು ಎರಡು ಜಾಗದ ಸ್ಪರ್ಶ: ಎಡಗೆನ್ನೆ, ಎಡಗೈ ಬೆರಳು. ಬೆರಳು ಮಡಚುತ್ತವೆ, ಆದರೆ ಏನು ಹಿಡಿದಿವೆ ಎಂದು ಅವಕ್ಕೆ ಗೊತ್ತಾಗುವುದಿಲ್ಲ. ಮೊದಲು ಕೆನ್ನೆಗೆ ಬರಬಹುದು, ಆಮೇಲೆ ಬೆರಳಿಗೂ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. (ಅವರ ದೀಪವೂ ಅಡ್ಡಗೋಡೆಯ ಮೇಲೇ.)

ಬಲಗೈ ಗಟ್ಟಿಯಾಗಿದೆಯಲ್ಲ, ಮತ್ತೇನು ಎಂದು ನಾನೊಮ್ಮೆ ಕೇಳಿದ್ದೆ. ಅಪ್ಪ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು.

"ಜನ ಬಲಗೈ ನೋಡ್ತಾರೆ ಕಣೋ. ಕೆಲಸ ಮಾಡೋದು ಎಡಗೈ. ಎಡಗೈ ಚರ್ಮನ ಬಿಗಿಯಾಗಿ ಎಳೆದು ಹಿಡೀಬೇಕು. ಎಷ್ಟು ಬಿಗಿ ಅಂತ ಬೆರಳಿಗೆ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ಲ ಅಂದ್ರೆ ಬಲಗೈಲಿರೋದು ಕ್ಷೌರದ ಕತ್ತಿ ಅಲ್ಲ, ಬರೀ ಕತ್ತಿ."

ಅಂಗಡಿಯ ಶಟರ್ ಎಂಟು ತಿಂಗಳಿಂದ ಇಳಿದೇ ಇದೆ. ಬೀಗದ ಕೈ ಅಪ್ಪನ ಅಂಗಿ ಜೇಬಿನಲ್ಲಿದೆ. ಅಂಗಿ ಒಗೆಯಲು ಹಾಕುವಾಗ ಮೊದಲು ಅದನ್ನು ತೆಗೆದು ಇನ್ನೊಂದು ಅಂಗಿಗೆ ಹಾಕಿಕೊಳ್ಳುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಹೆದರಿಕೆಯಾಗುತ್ತದೆ.

೪

ಪರೀಕ್ಷೆಯ ಕ್ರಮ ಅಪ್ಪನದೇ. ಹಿಂದೆ ಅಂಗಡಿಗೆ ಹೊಸ ಸೋಪು ಬಂದಾಗಲೆಲ್ಲ ಅವರು ಖಾಯಂ ಗಿರಾಕಿಯೊಬ್ಬನನ್ನು ಹಿಡಿದು ಒಂದು ಕೆನ್ನೆಗೆ ಹೊಸದು, ಇನ್ನೊಂದಕ್ಕೆ ಹಳೆಯದು ಹಚ್ಚುತ್ತಿದ್ದರು. ಯಾವುದೆಂದು ಹೇಳುತ್ತಿರಲಿಲ್ಲ. ಕೊನೆಗೆ "ಯಾವ ಕಡೆ ಹಿತವಾಗಿತ್ತು?" ಎಂದು ಕೇಳುತ್ತಿದ್ದರು. ಗಿರಾಕಿ ಹೇಳಿದ್ದೇ ತೀರ್ಪು.

ನಾನೂ ಹಾಗೇ ಮಾಡಿದೆ. ಸ್ಪರ್ಶವಿರುವ ಬಲಗೆನ್ನೆಗೆ ದುಬಾರಿಯದು, ಸ್ಪರ್ಶವಿಲ್ಲದ ಎಡಗೆನ್ನೆಗೆ ನಮ್ಮ ಮಾಮೂಲಿ ಸೋಪು. ಫೋನಿನಲ್ಲಿ ಟೈಮರ್ ಇಟ್ಟು ಯಾವ ನೊರೆ ಎಷ್ಟು ಹೊತ್ತಿಗೆ ಒಣಗುತ್ತದೆ ಎಂದೂ ಬರೆದುಕೊಂಡೆ. ಇದು ಅಪ್ಪನ ಇನ್ನೊಂದು ಶಾಸ್ತ್ರ. ನೊರೆ ಒಣಗಿದ ಮೇಲೆ ಕತ್ತಿ ಇಡುವವನು ಕ್ಷೌರಿಕನೇ ಅಲ್ಲ, ಅವನು ಗದ್ದೆ ಕೊಯ್ಯಲಿ ಎನ್ನುತ್ತಾರೆ.

ನಾಲ್ಕು ದಿನ, ನಾಲ್ಕು ಡಬ್ಬಿ. ಗಂಧದ್ದು, ನಿಂಬೆಯದು, ಹಳೇ ಪುಸ್ತಕದ ವಾಸನೆಯದು, ಹೊಗೆಸೊಪ್ಪಿನದು. ನಾಲ್ಕು ದಿನವೂ ಕೇಳಿದೆ, ನಾಲ್ಕು ದಿನವೂ ಒಂದೇ ಉತ್ತರ: "ವ್ಯತ್ಯಾಸ ಏನಿಲ್ಲ ಬಿಡು."

"ನಿಜವಾಗ್ಲೂ?"

"ನಲವತ್ತೈದು ವರ್ಷ ನಾನು ಊರಿಗೆಲ್ಲ ಬೋಳಿಸ್ದೆ. ಈ ಡಬ್ಬಿ ಮಾಡಿದೋನು ನಮ್ಮಿಬ್ಬರನ್ನೂ ಸೇರಿಸಿ ಬೋಳಿಸ್ತಿದಾನೆ."

ಆ ವಾಕ್ಯವನ್ನೇ ಲೇಖನದ ತಲೆಬರಹ ಮಾಡಬೇಕೆಂದುಕೊಂಡೆ. ಐದನೆಯ ದಿನ ಮೆಂಥಾಲ್ ಸೋಪು. ನೊರೆ ಹಚ್ಚಿ ಕೈತೊಳೆಯಲು ತಿರುಗಿದ್ದೆ. ಹಿಂದಿನಿಂದ ಅಪ್ಪನ ದನಿ ಬಂತು.

"ತಣ್ಣಗಾಗ್ತಿದೆ ಕಣೋ. ಸಣ್ಣಗೆ ಉರೀತಾನೂ ಇದೆ."

ಐದರಲ್ಲಿ ಒಂದಾದರೂ ಗೆದ್ದಿತಲ್ಲ ಎಂದು ಟಿಪ್ಪಣಿ ಪುಸ್ತಕದಲ್ಲಿ ಐದು ನಕ್ಷತ್ರ ಹಾಕಿದೆ.

೫

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಆ ಸಂಜೆ ಬಂದವಳು ನನ್ನ ಪುಸ್ತಕ ತಿರುಗಿಸಿ ನೋಡಿ, "ಇದನ್ನ ಹೇಗೆ ಹಚ್ಚಿದೆ? ಮಾಡಿ ತೋರ್ಸು," ಎಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಎದುರು ನಿಂತು, ಬರೀ ಬ್ರಷ್ಷನ್ನು ಬಲಗೆನ್ನೆಗೆ ಹಚ್ಚಿ ತೋರಿಸಿದೆ.

"ಅದು ನನ್ನ ಎಡಗೆನ್ನೆ ಕಣೋ, ಮಂಕೇ."

ಯಾವ ಕ್ಷೌರಿಕನೂ ಗಿರಾಕಿಯ ಎದುರು ನಿಲ್ಲುವುದಿಲ್ಲ. ಹಿಂದೆ ನಿಲ್ಲುತ್ತಾನೆ, ಪಕ್ಕದಲ್ಲಿ ನಿಲ್ಲುತ್ತಾನೆ, ಅವನ ಬಲವೂ ಗಿರಾಕಿಯ ಬಲವೂ ಒಂದೇ ಆಗಿರುತ್ತದೆ. ಕ್ಷೌರಿಕನ ಮಗನಾಗಿಯೂ ಕತ್ತಿ ಹಿಡಿಯದೆ ಪೆನ್ನು ಹಿಡಿದ ನಾನು ಎದುರು ನಿಂತಿದ್ದೆ. ಬ್ರಷ್ಷು ಹಿಡಿದ ಧ್ಯಾನದಲ್ಲಿ ನನ್ನ ಬಲವನ್ನೇ ಅಪ್ಪನ ಬಲ ಎಂದುಕೊಂಡಿದ್ದೆ. ಐದು ದಿನವೂ ಐದು ದುಬಾರಿ ಸೋಪುಗಳನ್ನು ಏನೂ ತಿಳಿಯದ ಕೆನ್ನೆಗೆ ಬಳಿದು, ಹೇಗಿದೆ ಎಂದು ಕೇಳಿದ್ದೆ. ಅಪ್ಪನಿಗೆ ಇದು ಮೊದಲ ದಿನವೇ ಗೊತ್ತಿತ್ತು. ಬಾಯಿಬಿಟ್ಟಿರಲಿಲ್ಲ.

ನನಗೆ ನಗು ಬಂತು. ಮರುಕ್ಷಣ ಅವಳ ಕೈಯಿಂದ ಪುಸ್ತಕ ಕಸಿದುಕೊಂಡೆ. "ಅಕ್ಕಾ, ಹಾಗಾದ್ರೆ ಇವತ್ತು ಉರೀತು ಅಂದದ್ದು ಎಡಗೆನ್ನೆ!"

ಅಕ್ಕ ಕುಣಿಯಲಿಲ್ಲ. "ಹಚ್ಚೋಕ್ಕೆ ಮುಂಚೆ ಅಪ್ಪ ಡಬ್ಬಿ ಮೂಸಿದ್ರಾ?"

ಮೂಸಿದ್ದರು. ಅವರು ಮೂಸದೆ ಯಾವ ಸೋಪನ್ನೂ ಮುಟ್ಟುವುದಿಲ್ಲ.

"ಮೆಂಥಾಲ್ ಹಚ್ಚಿದ್ರೆ ಏನನ್ಸುತ್ತೆ ಅಂತ ಅವರಿಗೆ ಗೊತ್ತಿಲ್ವಾ? ಮೂಗಿಗೆ ಹತ್ತಿ ಇಡು, ಕಣ್ಣು ಮುಚ್ಚಿಸು, ಆಮೇಲೆ ಹಚ್ಚಿ ಕೇಳು. ಕೂಸು ಹುಟ್ಟೋಕ್ಕೆ ಮುಂಚೆ ಕುಲಾವಿ ಹೊಲೀಬೇಡ."

(ಈ ಭಾಗ ಓದಿ ಹೇಳಿದಾಗ ಅಕ್ಕ ತಕರಾರು ಮಾಡಿದಳು: "ನನ್ನನ್ನ ಯಾಕೆ ಬರೀ ಬುದ್ಧಿ ಹೇಳೋಳ ಥರ ಬರೆದಿದೀಯ? ಅವತ್ತು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದೆ. ಅದನ್ನೂ ಬರಿ." ಬರೆದಿದ್ದೇನೆ, ಅಕ್ಕಾ.)

೫, ಮತ್ತೊಮ್ಮೆ

ಇಲ್ಲಿ ಕಥೆ ಎರಡು ದಿನ ನಿಂತಿತು. ನಿಲ್ಲಿಸಿದ್ದು ನಾನೇ. ಹತ್ತಿ ತಂದಿಟ್ಟಿದ್ದೆ, ಅದು ಕಿಟಕಿಯ ಮೇಲೆ ಕೂತಿತ್ತು. ಇಂದು ನೀರು ತಣ್ಣಗಿದೆ, ಇಂದು ಅಪ್ಪನಿಗೆ ನಿದ್ದೆ ಸಾಲದು ಎಂದು ನೆಪ ಹುಡುಕುತ್ತಿದ್ದೆ. ಪರೀಕ್ಷೆ ಮಾಡದಿದ್ದಷ್ಟು ದಿನ ಕೆನ್ನೆಗೆ ಜೀವ ಬಂದಿರುತ್ತದೆ. ಕೆನ್ನೆಗೆ ಬಂದರೆ ಬೆರಳಿಗೆ ಬರುತ್ತದೆ, ಬೆರಳಿಗೆ ಬಂದರೆ ಶಟರ್ ಏಳುತ್ತದೆ. ನನಗೆ ನಿಜ ಬೇಕಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಬೇಕಿರಲಿಲ್ಲ.

ಆ ಬಿಡುವಿನಲ್ಲಿ ಇಲ್ಲಿಯವರೆಗಿನದನ್ನು ಅಪ್ಪನಿಗೆ ಓದಿದೆ. ಅವರು ಷರತ್ತು ಹಾಕಿದ್ದು ಆಗಲೇ.

"ಕೊನೇಲಿ ನನ್ನ ಸಾಯಿಸ್ಬೇಡ."

"ಇಲ್ಲಪ್ಪ, ಛೆ."

"ಸಾಯಿಸಿದ್ರೆ ಓದೋರಿಗೆ ಸುಲಭ ಆಗ್ಬಿಡುತ್ತೆ. ನಿನಗೂ."

ನಾನು ಕೇಳಿಯೇಬಿಟ್ಟೆ. "ಅಪ್ಪ, ಅವತ್ತು ನಿಜವಾಗ್ಲೂ ಉರೀತಾ?"

"ನಾಲ್ಕು ದಿನದಿಂದ ನಿನ್ನ ಮುಖ ನೋಡ್ತಿದ್ದೆ," ಎಂದರು. "ಏನಾದ್ರೂ ಹೇಳ್ಲಿ, ಏನಾದ್ರೂ ಹೇಳ್ಲಿ ಅಂತ ಕಾಯ್ತಿತ್ತು."

"ಅದು ಉತ್ತರ ಅಲ್ಲ."

"ಹತ್ತಿ ತಂದಿಟ್ಟಿದೀಯಲ್ಲ ಕಿಟಕೀಲಿ. ನನಗೆ ಕಾಣಲ್ಲ ಅಂದ್ಕೊಂಡ್ಯಾ? ಆಗ್ಲಿ, ಪರೀಕ್ಷೆ ಮಾಡು. ಆದ್ರೆ ಮೊದಲು ನೀನು ಕೂತ್ಕೊ."

೬

ಇಂದು ಬೆಳಿಗ್ಗೆ. (ಇನ್ನು ಮುಂದಿನದನ್ನು ನಡೆಯುತ್ತಿರುವಾಗಲೇ ಹೇಳುತ್ತೇನೆ. ಕಥೆಗಾರ ಕುರ್ಚಿಯಲ್ಲಿ ಕೂತಿದ್ದಾನೆ, ಕೈಯಲ್ಲಿ ಪೆನ್ನಿಲ್ಲ.)

ಮೂಗಿಗೆ ಹತ್ತಿ, ಕಣ್ಣಿಗೆ ಟವೆಲು. ಅಪ್ಪ ಹಿಂದೆ ನಿಂತಿದ್ದಾರೆ, ನಿಲ್ಲಬೇಕಾದ ಜಾಗದಲ್ಲಿ. ಡಬ್ಬಿಯನ್ನು ಬೇಸಿನ್ನಿನ ಅಂಚಿಗೆ ಒತ್ತಿಟ್ಟುಕೊಂಡು ಬಲಗೈ ಒಂದರಿಂದಲೇ ಬ್ರಷ್ಷು ತಿರುಗಿಸುವ ಸದ್ದು ಕೇಳುತ್ತದೆ. ಒಂದು ಕೆನ್ನೆಗೆ ನೊರೆ ಬಂತು. ಬ್ರಷ್ಷು ತೊಳೆದ ಸದ್ದು. ಇನ್ನೊಂದು ಕೆನ್ನೆಗೆ ಬಂತು.

"ಯಾವ ಕಡೆ ದುಬಾರೀದು?"

ನಾನು ವಸ್ತುಗಳ ಯೋಗ್ಯತೆ ಹೇಳಿ ಅನ್ನ ತಿನ್ನುವವನು. ಇದೇ ನೊರೆಯ ಬಗ್ಗೆ 'ರೇಷ್ಮೆಯ ಮೃದುತ್ವ' ಎಂದು ಈಗಾಗಲೇ ಬರೆದಿಟ್ಟಿದ್ದೇನೆ. ಗಮನವನ್ನೆಲ್ಲ ಕೆನ್ನೆಗಳ ಮೇಲಿಟ್ಟೆ. ಎರಡೂ ಬೆಚ್ಚಗಿವೆ, ಎರಡೂ ಒದ್ದೆ.

"ಬಲಗಡೆ."

ಅಪ್ಪ ಟವೆಲು ಎಳೆದರು. ಕನ್ನಡಿಯಲ್ಲಿ ಅವರ ಇಡೀ ಮುಖ ನಗುತ್ತಿತ್ತು. "ಬಲಗಡೇದು ಮಾಮೂಲೀದು. ಎಡಗಡೇದು ಗಂಧದ್ದು. ಎರಡು ಕೆನ್ನೇಲೂ ಜೀವ ಇರೋ ನಿನಗೇ ಗೊತ್ತಾಗ್ಲಿಲ್ಲ. ನನಗೆ ಪರೀಕ್ಷೆ ಇಡೋಕ್ಕೆ ಬಂದ!"

ನಾನೂ ನಕ್ಕೆ. ಕಥೆ ಇಲ್ಲಿ ಮುಗಿಯಬಹುದಿತ್ತು. ಇಬ್ಬರೂ ನಗುತ್ತಿರುವಾಗ ಪರದೆ ಎಳೆದು, ಸೋಪಿನ ಬೆಲೆ ದಂಡ ಎಂದು ಮೇಡಂಗೆ ಬರೆದುಬಿಡಬಹುದಿತ್ತು.

ಅಪ್ಪ ಅಂಗಿ ಜೇಬಿಗೆ ಕೈಹಾಕಿದರು. ಬೀಗದ ಕೈ ತೆಗೆದು ಬೇಸಿನ್ನಿನ ಮೇಲಿಟ್ಟರು. ಅದೇ ಜೇಬಿನ ತಳದಿಂದ ಅಂಗಡಿಯ ಕತ್ತಿ ಹೊರಗೆ ಬಂತು. ಬಲಗೈ ಹೆಬ್ಬೆರಳಿನಿಂದಲೇ ಅದನ್ನು ಬಿಚ್ಚಿದರು.

"ಅಲ್ಲಾಡ್ಬೇಡ."

ಎಡಗೈ ನನ್ನ ಎಡಗಿವಿಯ ಪಕ್ಕಕ್ಕೆ ಬಂದು ಕೂತಿತು. ಮೂರು ಬೆರಳು. ಚಿಕ್ಕವನಿದ್ದಾಗಿನಿಂದ ಆ ಬೆರಳುಗಳ ಬಿಗಿ ನನಗೆ ಗೊತ್ತು. ಕ್ಷೌರಕ್ಕೆ ಕೂತಾಗ ಮುಖವೇ ನಮ್ಮದಲ್ಲ ಅನ್ನಿಸುವಂಥ ಹಿಡಿತ.

"ಹಿಡಿದಿದೀನಾ?" ಎಂದು ಕೇಳಿದರು ಅಪ್ಪ.

ನಾನು ಕನ್ನಡಿ ನೋಡಿದೆ. ಅವರ ಮುಖದ ನಗು ಹೋಗಿತ್ತು.

"ನನಗೆ ಗೊತ್ತಾಗ್ತಿಲ್ಲ ಕಣೋ. ನೀನು ಹೇಳು. ಬಿಗಿಯಾಗಿದೆಯಾ? ಸುಳ್ಳು ಹೇಳ್ಬೇಡ."

೭

ಓದುಗರೇ, ಬೆರಳು ಬಿಗಿಯಾಗಿತ್ತೋ ಇಲ್ಲವೋ ನನಗೆ ಗೊತ್ತು. ನಿಮಗೆ ಹೇಳುವುದಿಲ್ಲ. ಮುಗಿಸಲು ಮೂರು ದಾರಿ ಕಾಣುತ್ತಿವೆ.

ಒಂದು: ಹೌದು ಎನ್ನುತ್ತೇನೆ. ಕತ್ತಿ ಬರುತ್ತದೆ. ಹೌದು ಎಂಬುದು ನಿಜವಾಗಿದ್ದರೆ ನಾಳೆ ಶಟರ್ ಏಳುತ್ತದೆ. ಸುಳ್ಳಾಗಿದ್ದರೆ ನನ್ನ ಕೆನ್ನೆ ಸೀಳುತ್ತದೆ, ಅದು ಹಾಳಾಗಿ ಹೋಗಲಿ, ಆದರೆ ಕೆಂಪು ನೊರೆ ನೋಡಿದ ಅಪ್ಪ ಮತ್ತೆ ಆ ಕುರ್ಚಿಯ ಹಿಂದೆ ನಿಲ್ಲುವುದಿಲ್ಲ.

ಎರಡು: ಇಲ್ಲ ಎನ್ನುತ್ತೇನೆ. ಅಪ್ಪ ಕತ್ತಿ ಮಡಚುತ್ತಾರೆ. ಬೀಗದ ಕೈ ಮತ್ತೆ ಜೇಬಿಗೆ ಹೋಗುವುದಿಲ್ಲ.

ಮೂರು: ನನ್ನ ಕೈ ಎತ್ತಿ ಅವರ ಬೆರಳುಗಳ ಮೇಲಿಡುತ್ತೇನೆ, ಇಬ್ಬರೂ ಸೇರಿ ಚರ್ಮ ಹಿಡಿಯುತ್ತೇವೆ, ಕತ್ತಿ ಸರಾಗವಾಗಿ ಜಾರುತ್ತದೆ. ಈ ಮುಕ್ತಾಯ ನನಗೆ ಬಹಳ ಇಷ್ಟವಾಯಿತು. ಬರೆಯಲು ಕಾಯದೆ ಕೈಯನ್ನೇ ಎತ್ತಿದೆ.

"ಕೈ ತೆಗಿ," ಎಂದರು ಅಪ್ಪ. "ನಿನ್ನ ಕೈ ಯಾರು ಕೇಳಿದ್ರು? ಉತ್ತರ ಕೊಡು."

ಕೈ ಇಳಿಸಿದೆ.

೮

ಮೇಡಂ, ನೀವು ಕೇಳಿದ್ದಿರಿ, ಬೆಲೆಗೆ ತಕ್ಕ ಹಾಗಿದೆಯೋ ಇಲ್ಲವೋ ಎಂದು. ಅಡ್ಡಗೋಡೆ ಬೇಡ ಎಂದಿದ್ದಿರಿ. ಬರೆದುಕೊಳ್ಳಿ. ಹಿತದಲ್ಲಿ ವ್ಯತ್ಯಾಸ ನನಗೆ ತಿಳಿಯಲಿಲ್ಲ. ಮೃದುತ್ವ ಎಂದೆಲ್ಲ ಬರೆದದ್ದನ್ನು ಹೊಡೆದುಹಾಕಿ. ಟೈಮರ್ ತೋರಿಸಿದ ವ್ಯತ್ಯಾಸ ಒಂದಿದೆ. ಮಾಮೂಲಿ ಸೋಪಿನ ನೊರೆ ನಾಲ್ಕು ನಿಮಿಷಕ್ಕೆ ಒಣಗುತ್ತದೆ. ಗಂಧದ್ದು ಹನ್ನೊಂದು ನಿಮಿಷ ನಿಲ್ಲುತ್ತದೆ.

ನನ್ನ ಬಲಗೆನ್ನೆ ಆಗಲೇ ಬಿಗಿಯುತ್ತಿದೆ, ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತಿದೆ. ಎಡಗೆನ್ನೆ ಇನ್ನೂ ಒದ್ದೆ. ಒಣಗಿದ ನೊರೆಯ ಮೇಲೆ ಅಪ್ಪ ಕತ್ತಿ ಇಡುವವರಲ್ಲ. ಒದ್ದೆಯಿರುವಷ್ಟು ಹೊತ್ತು ನನ್ನ ಉತ್ತರಕ್ಕೆ ಕಾಯುತ್ತಾರೆ.

ಎಷ್ಟಿತ್ತು ಬೆಲೆ, ಆ ದೊಡ್ಡ ಡಬ್ಬಿಗೆ? ಒಂದಲ್ಲ, ಎರಡು ಕಳಿಸಿ.

ಕನ್ನಡಿಯಲ್ಲಿ ಅಪ್ಪನ ಕಣ್ಣು ನನ್ನ ಬಾಯಿಯ ಮೇಲಿದೆ. ಮೂರು ಬೆರಳು ನನ್ನ ಕೆನ್ನೆಯ ಮೇಲೆಯೇ ಇವೆ.

"ಹೇಳೋ," ಎನ್ನುತ್ತಾರೆ. "ನೊರೆ ಒಣಗುತ್ತೆ."