ಕತ್ತರಿಯಮ್ಮನ ಎಡಗೈ ಮತ್ತು ಇಬ್ಬರು ಅಳಿಯಂದಿರು

ಕತ್ತರಿಯಮ್ಮನಿಗೆ ಇಬ್ಬರು ಅಳಿಯಂದಿರು. ಇಬ್ಬರೂ ಅವರ ಮನೆಯಲ್ಲೇ ಇದ್ದರು, ದೊಡ್ಡ ಮಗಳ ಗಂಡ ಮಹಡಿಯ ಮೇಲೆ, ಚಿಕ್ಕ ಮಗಳ ಗಂಡ ಕೆಳಗೆ. ದೊಡ್ಡವನು ನಲ್ಲಿ, ಷವರು ಮಾರುವ ಕಂಪನಿಯಲ್ಲಿದ್ದ. ಚಿಕ್ಕವನು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಿದ್ದ. ವಯಸ್ಸು ನಲವತ್ತರ ಹತ್ತಿರ ಬಂದಿದ್ದರೂ ಇಬ್ಬರಿಗೂ ವಿಡಿಯೊ ಗೇಮಿನ ಹುಚ್ಚು.

ದೊಡ್ಡವನದು ಕಂಪ್ಯೂಟರು. ಗಾಜಿನ ಪೆಟ್ಟಿಗೆ, ಒಳಗೆ ಏಳು ಫ್ಯಾನು, ಒಂದೊಂದು ಫ್ಯಾನಿಗೂ ಬಣ್ಣ ಬದಲಾಯಿಸುವ ದೀಪ. ಚಿಕ್ಕವನದು ಹಾಲಿನ ಟಿವಿಗೆ ಸಿಕ್ಕಿಸಿದ ಕನ್ಸೋಲು. ಅವನು ಸೋಫಾದ ಮೇಲೆ ಅಡ್ಡಾಗಿ ಎರಡು ಹೆಬ್ಬೆರಳು ಬಿಟ್ಟರೆ ಮೈಯಲ್ಲಿ ಬೇರೇನನ್ನೂ ಅಲ್ಲಾಡಿಸುತ್ತಿರಲಿಲ್ಲ. ಹಾಗಾಗಿ ಒಬ್ಬ ಫ್ಯಾನಿನವನಾದ, ಇನ್ನೊಬ್ಬ ಹೆಬ್ಬೆರಳಿನವನಾದ. ಹೆಸರಿಟ್ಟವರು ಅತ್ತೆಯೇ. ಎದುರಿಗೆ ಮಾತ್ರ ಮದುವೆಯಾದ ದಿನದಿಂದ ಇಬ್ಬರನ್ನೂ 'ನೀವು' ಎಂದೇ ಕರೆಯುತ್ತಿದ್ದರು.

ಊಟಕ್ಕೆ ಕೂತರೆ ಷಡ್ಡಕರಿಬ್ಬರದೂ ಅದೇ ಮಾತು.

"ಭಾವ, ನಿಮ್ದು ಆಟವೋ ರಿಪೇರಿಯೋ? ಹೋದ ಭಾನುವಾರ ಪೂರ್ತಿ ಸ್ಕ್ರೂಡ್ರೈವರ್ ಹಿಡ್ಕೊಂಡೇ ಕೂತಿದ್ರಿ. ನಾನು ಗುಂಡಿ ಒತ್ತಿದ್ರೆ ಆಟ ಶುರು."

"ಗುಂಡಿ ಒತ್ತಿದ್ರೆ ಅಪ್‌ಡೇಟ್ ಶುರು ಅನ್ನು. ಮೊನ್ನೆ ಒಂದೂವರೆ ಗಂಟೆ ಆ ನೀಲಿ ಗೆರೆ ನೋಡ್ತಾ ಕೂತಿದ್ದು ಯಾರು? ನನ್ನದ್ರಲ್ಲಿ ಒಂದು ಭಾಗ ಹಳೇದಾದ್ರೆ ಅದೊಂದನ್ನೇ ಬದಲಾಯಿಸ್ತೀನಿ. ನಿನ್ನದು ಹಳೇದಾದ್ರೆ ಇಡೀ ಡಬ್ಬಾನೇ ಗುಜರಿಗೆ."

"ಬದಲಾಯಿಸ್ತಾನೇ ಇರ್ತೀರಿ. ಆಡೋದು ಯಾವಾಗ?"

ಫ್ಯಾನಿನವನ ಪ್ರಕಾರ ಕನ್ಸೋಲಿನವರು ಚಮಚದಲ್ಲಿ ಉಣ್ಣಿಸಿಕೊಳ್ಳುವ ಕೂಸುಗಳು. ಹೆಬ್ಬೆರಳಿನವನ ಪ್ರಕಾರ ಕಂಪ್ಯೂಟರಿನವರು ಅಡುಗೆಗಿಂತ ಒಲೆಯನ್ನೇ ಹೆಚ್ಚು ಉಜ್ಜುವವರು. ಹೆಂಡತಿಯರು ತಮ್ಮ ಪಾಡಿಗೆ ಬೇರೆ ಮಾತಾಡಿಕೊಳ್ಳುತ್ತಿದ್ದರು. ಕತ್ತರಿಯಮ್ಮ ಮಾತ್ರ ಇಬ್ಬರನ್ನೂ ನೋಡುತ್ತ ಉಣ್ಣುತ್ತಿದ್ದರು. ಕೋಟು ಹೊಲಿಯುವ ದೊಡ್ಡ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದ ಹೆಂಗಸು ಅವರು. ಗಂಡಸರನ್ನು ಭುಜದಿಂದ ಅಳೆಯುವುದು ಅಭ್ಯಾಸ. ಒಬ್ಬನಿಗೆ ಭುಜವೇ ಇಲ್ಲ, ಇನ್ನೊಬ್ಬನಿಗೆ ಭುಜ ಬಿಟ್ಟರೆ ಬೇರೇನೂ ಇಲ್ಲ ಎಂದು ಅವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಬಟ್ಟೆಯ ಮೇಲೆ ಊರಿದ್ದ ಎಡಗೈ ಅವರ ಮಾತು ಕೇಳಲಿಲ್ಲ. ಬಟ್ಟೆ ಸರಿಯಿತು, ಕತ್ತರಿ ಗೆರೆ ಬಿಟ್ಟು ಹೋಯಿತು. ಏನಾಯಿತು ಎಂದು ಕೇಳಿದವರಿಗೆ ಉತ್ತರ ಕೊಡಲು ಹೋದರೆ ಮಾತು ತೊದಲಿತು. ಆಸ್ಪತ್ರೆಯಲ್ಲಿ ಮಿದುಳಿಗೆ ಹೋಗುವ ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು. ಮಾತು ಮೂರೇ ದಿನದಲ್ಲಿ ಮೊದಲಿನಷ್ಟೇ ಹರಿತವಾಯಿತು. ಎಡಗೈ ಮಾತ್ರ ಒಳಗೆ ಮಡಚಿಕೊಂಡೇ ಉಳಿಯಿತು.

ವಾರಕ್ಕೆರಡು ಸಲ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬರುತ್ತಿದ್ದಳು. ತೂತುಗಳಿದ್ದ ಹಲಗೆಯೊಂದನ್ನು ಮುಂದಿಟ್ಟು, ಒಂಬತ್ತು ಮರದ ಕಡ್ಡಿಗಳನ್ನು ಒಂದೊಂದಾಗಿ ತೂತಿಗೆ ಹಾಕಲು ಹೇಳಿ ಗಡಿಯಾರ ನೋಡುತ್ತಿದ್ದಳು. ಹಿಸುಕಲು ರಬ್ಬರಿನ ಚೆಂಡು ಕೊಟ್ಟಿದ್ದಳು. ಒಂದು ವಾರ ಹಿಸುಕಿ ಕತ್ತರಿಯಮ್ಮ ಅದನ್ನು ಕಿಟಕಿಯಿಂದ ಆಚೆಗೆ ಎಸೆದರು.

"ಬೇಜಾರಾಗತ್ತೆ ಅಲ್ವಾ ಅಮ್ಮ? ಮನೇಲಿ ಯಾರಾದ್ರೂ ವಿಡಿಯೊ ಗೇಮ್ ಆಡ್ತಾರಾ?"

"ಅದೊಂದು ಬಿಟ್ಟು ಬೇರೇನೂ ಮಾಡಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತು. ದಿನಾ ಒಂದು ಗಂಟೆ ಆಡಿ. ಬೆರಳಿಗೆ ಕೆಲಸ, ಮನಸ್ಸಿಗೂ ಕೆಲಸ."

ಸುದ್ದಿ ಕೇಳಿದ್ದೇ ತಡ, ಅಳಿಯಂದಿರಿಬ್ಬರೂ ಅತ್ತೆಯ ಕೋಣೆಗೆ ಓಡಿಬಂದರು. ಅಷ್ಟು ದಿನ ಬಾಗಿಲಲ್ಲೇ ನಿಂತು 'ಹೇಗಿದ್ದೀರಿ' ಎಂದು ಕೇಳಿ ಹೋಗುತ್ತಿದ್ದವರು ಅವರು.

"ಅತ್ತೆ, ನನ್ನ ಕಂಪ್ಯೂಟರಲ್ಲೇ ಆಡಿ. ಚಿತ್ರ ಎಷ್ಟು ಸ್ಪಷ್ಟ ಅಂದ್ರೆ ಹುಲ್ಲಿನ ಎಸಳು ಎಣಿಸಬಹುದು."

"ಅತ್ತೆಗೆ ಹುಲ್ಲು ಯಾಕೆ ಭಾವ? ಆರಾಮಾಗಿ ಸೋಫಾದಲ್ಲಿ ಕೂತು ಆಡ್ಲಿ. ಅತ್ತೆ, ಕನ್ಸೋಲಿಗೇ ಅಂತ ಮಾಡಿರೋ ಆಟಗಳಿವೆ, ಅವು ಇವರ ಡಬ್ಬದಲ್ಲಿ ಬರೋದೇ ಇಲ್ಲ."

"ಒಂದೆರಡು ವರ್ಷ ತಡೆದ್ರೆ ಎಲ್ಲಾ ಬರತ್ತೆ!"

ಅತ್ತೆಯ ಕೈಯತ್ತ ಇಬ್ಬರೂ ನೋಡಲಿಲ್ಲ. ಯಾವ ಬೆರಳು ಆಡುತ್ತದೆ, ಯಾವುದು ಆಡುವುದಿಲ್ಲ ಎಂದೂ ಕೇಳಲಿಲ್ಲ. ಕತ್ತರಿಯಮ್ಮ ಇಬ್ಬರೂ ದಣಿಯುವವರೆಗೆ ಕಾದು, "ಮೊದಲ ಎರಡು ವಾರ ಕೆಳಗಿನದು. ಆಮೇಲೆ ಎರಡು ವಾರ ಮೇಲಿನದು. ಮಹಡಿ ನಾನು ಹತ್ತಲ್ಲ, ಇಳಿಸಿಕೊಂಡು ಬನ್ನಿ" ಎಂದರು.

ಕನ್ಸೋಲಿನಲ್ಲಿ ಅವರು ಆರಿಸಿಕೊಂಡದ್ದು ಕಾರು ಓಡಿಸುವ ಆಟ. ಹೆಬ್ಬೆರಳಿನವನು ಗುಂಡು ಹಾರಿಸುವುದನ್ನು ಕಲಿಸಲು ಬಂದಿದ್ದ. "ಗುರುತಿಲ್ಲದವರನ್ನ ನಾನ್ಯಾಕೆ ಕೊಲ್ಲಲಿ?" ಎಂದು ಕೇಳಿದ ಮೇಲೆ ಅವನು ಆಟಗಳ ಪಟ್ಟಿ ತೆರೆದು ಅವರ ಮುಂದಿಟ್ಟ. ಕಾರು ಅವರಿಗೆ ಹಿಡಿಸಿತು. ಎರಡೂ ಕೈಯಲ್ಲಿ ಹಿಡಿಯುವ ಹಿಡಿಕೆಯಲ್ಲಿ ಎಡ ಹೆಬ್ಬೆರಳಿನ ಕೆಳಗಿದ್ದ ಪುಟ್ಟ ಗುಬುಟನ್ನು ಚೂರು ಒತ್ತಿದರೆ ಕಾರು ಚೂರೇ ತಿರುಗುತ್ತಿತ್ತು, ಜಾಸ್ತಿ ಒತ್ತಿದರೆ ಜಾಸ್ತಿ. ಕೋಟಿನ ತೋಳಿನ ಬುಡದ ತಿರುವಿನಲ್ಲಿ ಕತ್ತರಿ ಹೋಗುವ ಹಾಗೆಯೇ. ಮೂರನೆಯ ದಿನ ಅಪ್‌ಡೇಟ್ ಎಂದು ನಲವತ್ತು ನಿಮಿಷ ಕೂರಿಸಿತು. ಐದನೆಯ ದಿನ ಚಿಕ್ಕ ಮಗಳಿಗೆ ಟಿವಿ ಬೇಕಾಯಿತು. ಆದರೂ ಎರಡು ವಾರ ಮುಗಿಯುವಾಗ ಹೆಬ್ಬೆರಳು ಚುರುಕಾಗಿತ್ತು, ತೋರುಬೆರಳೂ ಅಷ್ಟಿಷ್ಟು ಮಾತು ಕೇಳುತ್ತಿತ್ತು. ಉಳಿದ ಮೂರು ಬೆರಳು ಆ ಹಿಡಿಕೆಯನ್ನು ತಬ್ಬಿಕೊಂಡು ನಿದ್ದೆ ಮಾಡಿದ್ದವು.

ಕಂಪ್ಯೂಟರ್ ಕೆಳಗಿಳಿಯಲು ಒಂದಿಡೀ ದಿನ ಹಿಡಿಯಿತು. ಕೋಣೆಯಲ್ಲಿದ್ದ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಅದನ್ನು ಕೂರಿಸಿದರೆ ಪರದೆಗೆ ಚಿತ್ರವೇ ಬರಲಿಲ್ಲ. ಫ್ಯಾನಿನವನು ಮೇಜಿನ ಕೆಳಗೆ ತೂರಿಕೊಂಡು, ಬರೀ ಎರಡು ಕಾಲು ಹೊರಗೆ ಬಿಟ್ಟು, ವೈರುಗಳ ಜೊತೆ ಮಾತಾಡುತ್ತಿದ್ದ.

"ಇಷ್ಟು ಹೊತ್ತಿಗೆ ನಾನು ಮೂರು ಕೋಟು ಕತ್ತರಿಸಿರ್ತಿದ್ದೆ" ಎಂದರು ಕತ್ತರಿಯಮ್ಮ ಆ ಕಾಲುಗಳಿಗೆ.

ಮರುದಿನ ಅದು ಶುರುವಾಯಿತು. ಅದೇ ಬಗೆಯ ಕಾರಿನ ಆಟ, ಆದರೆ ಕೀಬೋರ್ಡಿಗೆ ಚೂರು ಎಂಬುದೇ ಗೊತ್ತಿಲ್ಲ. ಒತ್ತಿದರೆ ಕಾರು ಪೂರ್ತಿ ತಿರುಗುತ್ತದೆ, ಬಿಟ್ಟರೆ ಇಲ್ಲ. ಕುಡಿದವನು ಓಡಿಸಿದಂತೆ ಬೇಲಿಯಿಂದ ಬೇಲಿಗೆ ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಹೆಬ್ಬೆರಳಿನವನು ಕಿಸಕ್ಕೆಂದ. ಕತ್ತರಿಯಮ್ಮ ಅವನತ್ತ ತಿರುಗದೆ, "ಈ ಕೀಲಿಗಳನ್ನ ನಮಗೆ ಬೇಕಾದ ಹಾಗೆ ಬದಲಾಯಿಸಬಹುದಾ?" ಎಂದು ಕೇಳಿದರು. ಬದಲಾಯಿಸಬಹುದಿತ್ತು. ಬ್ರೇಕು ಉಂಗುರ ಬೆರಳಿಗೆ ಬಂತು, ಹಾರ್ನು ಕಿರುಬೆರಳಿಗೆ. ಫ್ಯಾನಿನವನು ಆ ಮನೆಯಲ್ಲಿ ಮಾಡಿದ ಉಪಯೋಗದ ಕೆಲಸ ಅದೊಂದೇ. ಅದಕ್ಕೆ ಅವನಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಎಂಟು ದಿನ ಕಿರುಬೆರಳು ಸತ್ತಂತೆ ಬಿದ್ದಿತ್ತು. ಕಾರು ಓಡುವಾಗ ಕತ್ತರಿಯಮ್ಮ ಅದನ್ನು ಕಣ್ಣಲ್ಲೇ ಬೈಯುತ್ತಿದ್ದರು. ಒಂಬತ್ತನೆಯ ದಿನ ಮಧ್ಯಾಹ್ನ, ಮುಂದೆ ಲಾರಿಯೊಂದು ಅಡ್ಡ ಬಂದಾಗ, ಪೀಂ ಎಂದು ಹಾರ್ನು ಕೂಗಿತು. ಕತ್ತರಿಯಮ್ಮ ಕಾರನ್ನು ಅಲ್ಲೇ ನಿಲ್ಲಿಸಿದರು. ಇನ್ನೊಂದು ಸಲ ಒತ್ತಿದರು. ಮತ್ತೂ ಒಂದು ಸಲ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಆಟ ಮುಂದುವರಿಸಿದರು.

ನಾಲ್ಕು ದಿನ ಕಳೆದ ಮೇಲೆ ದೊಡ್ಡ ಮಗಳು ಫೋನು ಹಿಡಿದು ಬಂದಳು.

"ಅಮ್ಮ, ಬೇರೆಯವರಿಂದ ಗೊತ್ತಾಗೋದು ಬೇಡ. ನೀನೇ ನೋಡಿಬಿಡು."

ಪರದೆಯ ಮೇಲೆ ಒಂದು ಕೈ ಕಂಡಿತು. ಕೀಬೋರ್ಡಿನ ಮೇಲೆ ಮಡಚಿಕೊಂಡ ಎಡಗೈ, ಮೇಲಿನಿಂದ ತೆಗೆದದ್ದು. ಬಳೆ ತನ್ನದು. ಪಕ್ಕದ ಚೌಕದಲ್ಲಿ ಅದೇ ಕೈ ಕನ್ಸೋಲಿನ ಹಿಡಿಕೆ ಹಿಡಿದು ನಡುಗುತ್ತಿತ್ತು. ಕೆಳಗೆ ದಪ್ಪ ಅಕ್ಷರ: 'ಪಾರ್ಶ್ವವಾಯು ಬಡಿದ ನನ್ನ ಅತ್ತೆಗೂ ಅರ್ಥವಾಯಿತು, ಕಂಪ್ಯೂಟರೇ ಮೇಲು'. ಅದರ ಕೆಳಗೆ ಗುರುತಿಲ್ಲದ ಜನರ ಮಾತುಗಳು ಸಾಲುಗಟ್ಟಿದ್ದವು. ಕೋಳಿ ಕಾಲಿನ ಹಾಗಿದೆ ಎಂದು ಒಬ್ಬ ಬರೆದಿದ್ದ. ಅದಕ್ಕೆ ನಗುವ ಮುಖಗಳು ನೂರಾರು.

ಕತ್ತರಿಯಮ್ಮ ಎಲ್ಲವನ್ನೂ ಓದಿದರು. ಆಮೇಲೆ ಅಳಿಯಂದಿರಿಬ್ಬರನ್ನೂ ಕರೆಸಿದರು.

ಫ್ಯಾನಿನವನು ಒಳಗೆ ಬಂದವನೇ ಫೋನು ನೋಡಿ ಕಂಗಾಲಾದ. "ಅತ್ತೆ, ಮುಖ ತೋರಿಸಿಲ್ಲ. ಬರೀ ಕೈ. ನಮ್ಮ ಗುಂಪಲ್ಲಿ ಒಂದು ಚರ್ಚೆ ನಡೀತಿತ್ತು, ಅದಕ್ಕೆ ಉದಾಹರಣೆ ಅಂತ..."

"ಇದು ತಪ್ಪು ಭಾವ, ದೊಡ್ಡ ತಪ್ಪು" ಎಂದ ಹೆಬ್ಬೆರಳಿನವನು.

ಕತ್ತರಿಯಮ್ಮ ಅವನತ್ತ ತಿರುಗಿದರು. ಒಂದು ಕ್ಷಣ ಅವರ ಮುಖ ಮೆತ್ತಗಾಯಿತು ಎಂದು ದೊಡ್ಡ ಮಗಳಿಗೆ ಅನ್ನಿಸಿತು.

"ಕನ್ಸೋಲಿಂದು ಮೊದಲ ದಿನದ ವಿಡಿಯೊ ಅತ್ತೆ" ಎಂದು ಹೆಬ್ಬೆರಳಿನವನು ಮುಂದುವರಿಸಿದ. " ಕಂಪ್ಯೂಟರಿಂದು ಹತ್ತನೇ ದಿನದ್ದು. ಎರಡನ್ನೂ ಪಕ್ಕಪಕ್ಕ ಇಟ್ರೆ ಹೋಲಿಕೆ ಸರಿಯಾಗತ್ತಾ? ಅಷ್ಟು ಹೊತ್ತಿಗೆ ಕೈ ಸುಧಾರಿಸಿದ್ದೇ ನನ್ನ ಮಶೀನಿಂದ! ನಾನು ಅಲ್ಲೇ ಕೆಳಗೆ ಬರೆದೂ ಇದ್ದೀನಿ."

"ನೀನು ಮೊದಲೇ ನೋಡಿದ್ದೆಯಾ?"

'ನೀನು' ಎಂದದ್ದು ಮೂವರಿಗೂ ಕೇಳಿಸಿತು. ಹೆಬ್ಬೆರಳಿನವನು ಅದನ್ನು ನೋಡಿ ಎರಡು ದಿನವಾಗಿತ್ತು. ಹನ್ನೊಂದು ಸಲ ಬರೆದಿದ್ದ. ಒಂದು ಸಲವಾದರೂ ಕೈಯ ಪರವಾಗಿ ಬರೆದಿರಲಿಲ್ಲ.

"ಕೇಳಿ ಇಬ್ಬರೂ" ಎಂದರು ಕತ್ತರಿಯಮ್ಮ. ದನಿ ಏರಲಿಲ್ಲ. "ಅಂಗಡೀಲಿ ಗೂನು ಬೆನ್ನಿನವರು ಬರ್ತಿದ್ರು, ಒಂದು ಭುಜ ಇಳಿದವರು ಬರ್ತಿದ್ರು. ಅಳತೆ ತಗೊಂಡಿದ್ದನ್ನ ಪಕ್ಕದ ಮೇಜಿನವನಿಗೂ ಹೇಳ್ತಿರಲಿಲ್ಲ ನಾನು. ನೀನು ನನ್ನ ಕೈ ಊರಿಗೆಲ್ಲ ತೋರಿಸಿದೆ, ನಿನ್ನ ಡಬ್ಬ ದೊಡ್ಡದು ಅಂತ ಅನ್ನಿಸ್ಕೊಳ್ಳೋಕೆ. ಇವನು ನಿನ್ನ ಮೇಲೆ ಸಿಟ್ಟಾಗಿದ್ದು ಇವನ ಡಬ್ಬಕ್ಕೆ ಅವಮಾನ ಆಯ್ತು ಅಂತ. ನಿಮ್ಮಿಬ್ಬರನ್ನ ಹೋಲಿಸಿ ಯಾವುದು ಮೇಲು ಅಂತ ಹೇಳು ಅಂದ್ರೆ ನನ್ನ ಕೈಲಾಗಲ್ಲ. ಎರಡೂ ಒಂದೇ ಥಾನಿನ ಬಟ್ಟೆ, ಒಗೆದ್ರೆ ಬಣ್ಣ ಬಿಡೋ ಅಂಥದ್ದು."

ಅವರು ಫ್ಯಾನಿನವನತ್ತ ತಿರುಗಿದರು.

"ಆ ವಿಡಿಯೊ ಈಗಲೇ ತೆಗಿ. ಇನ್ನು ನೀನು, ಟಿವಿ ಹತ್ತಿರ ಇರೋದನ್ನ ಬಿಚ್ಕೊಂಡು ಬಾ. ನನ್ನ ಕೋಣೇಲಿ ಸಣ್ಣ ಟಿವಿ ಇದೆ, ಅದಕ್ಕೆ ಹಾಕು. ಎರಡೂ ಇಲ್ಲೇ ಇರ್ತವೆ."

"ಎಷ್ಟು ದಿನ ಅತ್ತೆ?" ಇಬ್ಬರೂ ಒಟ್ಟಿಗೆ ಕೇಳಿದರು.

"ಕೈ ನೆಟ್ಟಗಾಗೋವರೆಗೆ. ಮನೆ ಹಿಡಿಸದಿದ್ರೆ ಬೇರೆ ಮನೆ ನೋಡ್ಕೊಳ್ಳಿ."

ಬೇರೆ ಮನೆ ಯಾರೂ ನೋಡಿಕೊಳ್ಳಲಿಲ್ಲ. ದೊಡ್ಡ ಮಗಳು ಗಂಡನೊಡನೆ ಹತ್ತು ದಿನ ಮಾತು ಬಿಟ್ಟಳು. ಚಿಕ್ಕವಳು ಮಾತ್ರ ಅಮ್ಮನಿಗೇ ಬಂದು ಅಂದಳು: "ಅವ್ರು ತಪ್ಪು ಮಾಡಿದ್ರು, ಸರಿ. ಆದ್ರೆ ನಿನಗೆ ಯಾವತ್ತು ಯಾರು ಹಿಡಿಸಿದ್ರು ಹೇಳು." ಕತ್ತರಿಯಮ್ಮ ಎಣಿಸುವವರಂತೆ ಒಂದು ಬೆರಳು ಮಡಚಿ, "ಅಂಗಡೀಲಿ ಗುಂಡಿ ಹೊಲೀತಿದ್ದ ಒಬ್ಬನಿದ್ದ, ಪರವಾಗಿಲ್ಲ ಅನ್ನೋ ಥರ" ಎಂದರು.

ಅಂದಿನಿಂದ ಬೆಳಿಗ್ಗೆ ಹೆಬ್ಬೆರಳಿಗೆ ಅರ್ಧ ಗಂಟೆ ಕನ್ಸೋಲು, ಸಂಜೆ ಉಳಿದ ಬೆರಳಿಗೆ ಅರ್ಧ ಗಂಟೆ ಕಂಪ್ಯೂಟರು. ಕಂಪ್ಯೂಟರ್ ಕೈಕೊಟ್ಟರೆ ಫ್ಯಾನಿನವನು ಬಂದು ಮಾತಿಲ್ಲದೆ ಸರಿಮಾಡಿ ಹೋಗಬೇಕು. ಕನ್ಸೋಲಿನ ಅಪ್‌ಡೇಟನ್ನು ಹೆಬ್ಬೆರಳಿನವನು ಕೆಲಸಕ್ಕೆ ಹೋಗುವ ಮೊದಲೇ ಮುಗಿಸಿರಬೇಕು. ಆಡಲು ಏನೂ ಇಲ್ಲದ ಷಡ್ಡಕರು ಹಾಲಿನ ಸೋಫಾದಲ್ಲಿ ಅಕ್ಕಪಕ್ಕ ಕೂರುವುದನ್ನು ಕಲಿತರು. ಫೋನಿನಲ್ಲಿ ಗೇಮ್ ಆಡುವವರನ್ನು ಇಬ್ಬರೂ ಸೇರಿ ಹೀಗಳೆಯುವುದು ಒಳಗಿನ ಕೋಣೆಗೂ ಕೇಳಿಸುತ್ತಿತ್ತು.

ನಾಲ್ಕನೆಯ ತಿಂಗಳು ಫಿಸಿಯೋಥೆರಪಿಯ ಹುಡುಗಿಯ ಒಂಬತ್ತು ಕಡ್ಡಿಗಳೂ ಮೊದಲಿನ ಅರ್ಧ ಹೊತ್ತಿನಲ್ಲಿ ತೂತು ಸೇರಿದವು. ಅವಳು ಚಪ್ಪಾಳೆ ತಟ್ಟಿ ಹೋದ ಮೇಲೆ ಕತ್ತರಿಯಮ್ಮ ಕಂಪ್ಯೂಟರನ್ನು ಮೇಜಿನ ತುದಿಗೆ ತಳ್ಳಿ, ಕೋಟಿನ ಒಳಗೆ ಹಾಕುವ ನುಣುಪು ಬಟ್ಟೆಯೊಂದನ್ನು ಹರಡಿದರು. ಬೂದು ಬಣ್ಣದ್ದು, ಮುಟ್ಟಿದರೆ ಜಾರುವಂಥದ್ದು. ಸೀಮೆಸುಣ್ಣದಲ್ಲಿ ತೋಳಿನ ಗೆರೆ ಎಳೆದರು. ಎಡಗೈಯ ಐದೂ ಬೆರಳನ್ನು ಬಿಡಿಸಿ ಬಟ್ಟೆಯ ಮೇಲೆ ಊರಿದರು. ಬೆರಳುಗಳು ಪೂರ್ತಿ ಚಪ್ಪಟೆಯಾಗಲಿಲ್ಲ, ಆದರೆ ಊರಿಕೊಂಡವು. ಕತ್ತರಿ ಹೊರಟಿತು. ನೇರ ಗೆರೆಯಲ್ಲಿ ಚೆನ್ನಾಗಿಯೇ ಹೋಯಿತು. ತಿರುವಿನಲ್ಲಿ ಕಿರುಬೆರಳು ಸೋತಿತು, ಬಟ್ಟೆ ಕಾಲು ಇಂಚು ಜರುಗಿತು.

ಅವರು ಆ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಥೂ, ಕಲಿಯೋಕೆ ಬಂದವರೂ ಹೀಗೆ ಕತ್ತರಿಸಲ್ಲ" ಎಂದು ಅದನ್ನು ಕಾಲ ಬಳಿಯ ಬುಟ್ಟಿಗೆ ಎಸೆದರು. ಇನ್ನೊಂದು ತುಂಡು ಹರಡಿದರು.