ಸೀಲಿಂಗಿನೊಳಗೇ ನಿಂತ ಕೊಳವೆ

ಈಶಪ್ಪ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸುರಪುರ, ರಂಗಂಪೇಟೆ ಕಡೆ ಹೊಸ ಮನೆ ಕಟ್ಟಿದವರು ನಲ್ಲಿ, ಪೈಪು, ಗ್ಯಾಸ್ ಗೀಜರ್ ಎಂದರೆ ಅವನನ್ನೇ ಕರೆಯುತ್ತಿದ್ದರು. ಹೇಳಿದ ದಿನ ಬರುತ್ತಿದ್ದ, ಕೆಲಸ ಮುಗಿದ ಮೇಲೆ ಕಸವನ್ನೂ ತಾನೇ ಗುಡಿಸುತ್ತಿದ್ದ. ಇಂಥವನು ಸಿಗುವುದೇ ಪುಣ್ಯ ಎಂದು ಹೆಂಗಸರು ಹೊಗಳುತ್ತಿದ್ದರು. ಆ ಹೊಗಳಿಕೆ ತಲೆಗೇರಿತ್ತೋ ಏನೋ, ಮಾಡಬಾರದ ಕೆಲಸವೊಂದನ್ನು ಮಾಡಿ ಕೂತ.

ರಂಗಂಪೇಟೆಯ ಹೊಸ ಬಡಾವಣೆಯಲ್ಲಿ ಹೈಸ್ಕೂಲು ಮಾಸ್ತರ ಬಸವಂತ್ರಾಯ ಮನೆ ಕಟ್ಟಿಸಿದ್ದ. ಬಸುರಿ ಹೆಂಡತಿ ದೇವಿಕಾಗೆ ತಣ್ಣೀರು ಬೇಡವೆಂದು ಬಚ್ಚಲಲ್ಲಿ ದೊಡ್ಡ ಗ್ಯಾಸ್ ಗೀಜರ್ ಹಾಕಿಸಿದ. ಗ್ಯಾಸು ಉರಿದ ಮೇಲೆ ಅದರಿಂದ ಕಣ್ಣಿಗೆ ಕಾಣದ, ಮೂಗಿಗೆ ಹತ್ತದ ವಿಷದ ಗಾಳಿ ಬರುತ್ತದೆ. ಗೀಜರಿನ ತಲೆಗೆ ಕೊಳವೆ ಕೂಡಿಸಿ, ಗೋಡೆ ಕೊರೆದು ಅದನ್ನು ಬಯಲಿಗೆ ಬಿಡಬೇಕು. ಈಶಪ್ಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಕೊರೆಯಲು ಹೋದರೆ ಗೋಡೆಯೊಳಗೆ ಕಾಂಕ್ರೀಟಿನ ತೊಲೆ ಅಡ್ಡ ಬಂತು, ಡ್ರಿಲ್ಲಿನ ಮೊನೆ ಮುರಿಯಿತು. ಮರುದಿನವೇ ಮನೆ ಪ್ರವೇಶ. ಅಂಗಳದಲ್ಲಿ ಶಾಮಿಯಾನ ಎದ್ದಿತ್ತು, ಸ್ಲ್ಯಾಬಿನ ಕೆಳಗೆ ಹಲಗೆಯ ಸೀಲಿಂಗು ಕೂಡಿಸುವವರು ಬಾಗಿಲಲ್ಲೇ ನಿಂತು ಅವಸರ ಮಾಡುತ್ತಿದ್ದರು. ಆಮೇಲೆ ಬಂದು ಕೊರೆದರಾಯಿತು ಎಂದುಕೊಂಡು ಈಶಪ್ಪ ಕೊಳವೆಯನ್ನು ಸೀಲಿಂಗು ಬರುವ ಜಾಗದ ಮೇಲಕ್ಕೆ ತೂರಿಸಿ ಅಲ್ಲಿಗೇ ಬಿಟ್ಟ. ಸೀಲಿಂಗಿನವರು ಅದರ ಕೆಳಗೆ ಬಿಳಿ ಹಲಗೆ ಕೂಡಿಸಿ ಮುಚ್ಚಿದರು. ನೋಡಿದವರಿಗೆ ಕೊಳವೆ ನೆಟ್ಟಗೆ ಮೇಲೆ ಹೋಗಿತ್ತು. ಹೊಗೆ ಹೊರಗೆ ಹೋಗುತ್ತದಲ್ಲ ಎಂದು ಬಸವಂತ್ರಾಯ ಕೇಳಿದ್ದಕ್ಕೆ, ಹೋಗುತ್ತದೆ ಎಂದು ಧೈರ್ಯವಾಗಿ ಹೇಳಿದ.

ಆ ‘ಆಮೇಲೆ’ ಎಂಬುದು ಬರಲೇ ಇಲ್ಲ. ಅಷ್ಟೇ ಆಗಿದ್ದರೆ ಮರೆತ ಎನ್ನಬಹುದಿತ್ತು. ಮುಂದಿನ ತಿಂಗಳು ಅದೇ ಬಡಾವಣೆಯಲ್ಲಿ ಬಳೆ ಅಂಗಡಿಯ ಅಬ್ದುಲ್ ಕರೀಮನ ಮನೆಯಲ್ಲಿ ಗೀಜರ್ ಹಾಕುವಾಗಲೂ ಗೋಡೆ ಕೊರೆಯುವ ಗೋಜಿಗೇ ಹೋಗಲಿಲ್ಲ. ಒಮ್ಮೆ ನಡೆದದ್ದು ಇನ್ನೊಮ್ಮೆಯೂ ನಡೆಯುತ್ತದೆ ಎನ್ನುವ ಸೋಮಾರಿತನ, ಇನ್ನೇನು!

ದೇವಿಕಾ ಗಂಡು ಕೂಸು ಹಡೆದಳು. ಬಾಣಂತನ ಮಾಡಲು ದೋರನಹಳ್ಳಿಯಿಂದ ಅವಳ ತಾಯಿ ಮಲ್ಲಾಬಾಯಿ ಬಂದಳು. ನಮ್ಮ ಕಡೆ ಬಾಣಂತಿಯ ನೀರೆಂದರೆ ಸುಮ್ಮನೆ ಅಲ್ಲ, ಮೈ ಕೆಂಪಾಗುವಷ್ಟು ಬಿಸಿ ಇರಬೇಕು, ಹೊತ್ತು ಹೋಗುವಷ್ಟು ಎರೆಯಬೇಕು, ಗಾಳಿ ಮಾತ್ರ ಎಳ್ಳಷ್ಟೂ ಸೋಕಬಾರದು. ಹಸಿ ಮೈಗೆ ಗಾಳಿ ಹೊಕ್ಕರೆ ಜನ್ಮಕ್ಕೂ ಸೊಂಟ ಹಿಡಿಯುತ್ತದೆ ಎಂದು ಮಲ್ಲಾಬಾಯಿಗೆ ಅವಳ ತಾಯಿ ಹೇಳಿಕೊಟ್ಟಿದ್ದಳು. ಬಚ್ಚಲ ಗವಾಕ್ಷಿಗೆ ಹಳೆಯ ಸೀರೆ ತುರುಕಿದಳು, ಬಾಗಿಲ ಸಂದಿಗೆ ಗೋಣಿ ಒತ್ತಿದಳು, ಗೀಜರ್ ಹಚ್ಚಿ ಮಗಳಿಗೆ ಎರೆದಳು. ದಿನಾ ತನಗೂ ತಲೆ ಸಿಡಿಯುತ್ತಿದ್ದುದನ್ನು ವಯಸ್ಸಿನ ಮೇಲೆ ಹಾಕಿದಳು. ಒಂದು ಮುಂಜಾನೆ ಮಗಳನ್ನು ಹಬೆಯಲ್ಲೇ ಕೂಡಿಸಿ, ಲೋಬಾನದ ಧೂಪಕ್ಕೆ ಕೆಂಡ ತರಲು ಹೊರಗೆ ಬಂದಳು. ತಿರುಗಿ ಹೋಗಿ ನೋಡಿದರೆ ದೇವಿಕಾ ಗೋಡೆಗೆ ಒರಗಿ ಬಿದ್ದಿದ್ದಳು, ತುಟಿಯಲ್ಲಿ ಮಾತಿರಲಿಲ್ಲ, ಕಣ್ಣುಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು.

ಶಹಾಪುರಕ್ಕೆ ಒಯ್ದರು, ಅಲ್ಲಿಂದ ಕಲಬುರಗಿಗೆ ಕಳಿಸಿದರು. ಜೀವ ಉಳಿಯಿತು. ಗ್ಯಾಸಿನ ಹೊಗೆ ಹೊರಗೆ ಹೋಗದೆ ಒಳಗೇ ನಿಂತಿತ್ತು ಎಂದು ಡಾಕ್ಟರು ಹೇಳಿದರು. ಗವಾಕ್ಷಿಯ ಸೀರೆ ಎಲ್ಲರ ಕಣ್ಣೆದುರಿಗಿತ್ತು. ಸೀಲಿಂಗಿನ ಮೇಲಿನದು ಯಾರಿಗೂ ಕಾಣುವಂತಿರಲಿಲ್ಲ. ಮುದುಕಿಯೇ ಮಗಳನ್ನು ಕೊಲ್ಲುತ್ತಿದ್ದಳು ಎಂದು ಬಡಾವಣೆಯ ತುಂಬ ಮಾತಾಯಿತು.

ಈಶಪ್ಪ ಸುದ್ದಿ ಕೇಳಿದ್ದು ಚಹಾದ ಅಂಗಡಿಯಲ್ಲಿ. ಕೈಯಲ್ಲಿದ್ದ ಬಸಿ ಹಾಗೇ ಇಟ್ಟು ಎದ್ದು ಹೋದ. ಹೆಂಡತಿ ಸುಂದ್ರಮ್ಮ ಏನಾಯಿತೆಂದು ಕೇಳಿದರೆ ಸಿಡಿಮಿಡಿಗೊಂಡ. ಹೋಗಿ ಹೇಳಿಬಿಡಬೇಕು ಎಂದು ಎರಡು ಸಲ ಚಪ್ಪಲಿ ಮೆಟ್ಟಿದ, ಎರಡು ಸಲವೂ ಓಣಿಯ ತಿರುವಿನಿಂದ ಹಿಂದಕ್ಕೆ ಬಂದ. ಹೇಳಿದರೆ ನಾಳೆಯಿಂದ ಯಾರು ಕೆಲಸಕ್ಕೆ ಕರೆಯುತ್ತಾರೆ? ಪೊಲೀಸರು ಬಿಡುತ್ತಾರೆಯೇ? ಹೀಗೆ ತನ್ನ ಹೊಟ್ಟೆಯ ಲೆಕ್ಕವನ್ನೇ ಹಾಕುತ್ತಿದ್ದ, ನಾಚಿಕೆಗೇಡಿ.

ಅಷ್ಟರಲ್ಲಿ ಬಸವಂತ್ರಾಯನೇ ಫೋನು ಮಾಡಿದ. ದೇವಿಕಾ ಇನ್ನೆರಡು ದಿನದಲ್ಲಿ ಮನೆಗೆ ಬರುತ್ತಾಳೆ, ಒಮ್ಮೆ ಗೀಜರ್ ತಪಾಸಣೆ ಮಾಡಿ ಹೋಗು ಎಂದ. ಈಶಪ್ಪನಿಗೆ ದೇವರೇ ದಾರಿ ತೋರಿಸಿದಂತಾಯಿತು. ಕೊಳವೆ ಸರಿಯಾಗೇ ಇದೆ, ಆದರೂ ಇನ್ನೂ ದೊಡ್ಡದು ಹಾಕುತ್ತೇನೆ ಎಂದು ಸುಳ್ಳು ಹೇಳಿ ಬಚ್ಚಲು ಹೊಕ್ಕ. ಸೀಲಿಂಗಿನ ಹಲಗೆ ಬಿಚ್ಚಿದ. ಕೊಳವೆಯ ಬಾಯಿ ಕತ್ತಲಲ್ಲಿ ತೆರೆದೇ ಇತ್ತು, ಅದರ ಮೇಲಿನ ಸ್ಲ್ಯಾಬು ಮಸಿ ಹಿಡಿದು ಕಪ್ಪಾಗಿತ್ತು. ತೊಲೆಯ ಕೆಳಗೆ ಗೋಡೆ ಕೊರೆದ, ಹೊಸ ಕೊಳವೆಯನ್ನು ಬಯಲಿಗೆ ಬಿಟ್ಟ, ಸಂದಿಗೆ ಸಿಮೆಂಟು ಮೆತ್ತಿದ. ಒದ್ದೆ ಬಟ್ಟೆಯಿಂದ ಮಸಿಯನ್ನೆಲ್ಲ ತಿಕ್ಕಿ ತೆಗೆದ. ಗೀಜರ್ ಹಚ್ಚಿ, ಹೊರಗೆ ಹೋಗಿ ಕೊಳವೆಗೆ ಕೈ ಹಿಡಿದು ಬಿಸಿ ಗಾಳಿ ಬರುವುದನ್ನು ನೋಡಿದ. ಇನ್ನು ದೇವಿಕಾಗೆ ಏನೂ ಆಗುವುದಿಲ್ಲ, ತನಗೂ ಏನೂ ಆಗುವುದಿಲ್ಲ ಎಂದುಕೊಂಡ.

ಪಡಸಾಲೆಯಲ್ಲಿ ಮಲ್ಲಾಬಾಯಿ ತೊಟ್ಟಿಲಿನಿಂದ ದೂರ, ಗೋಡೆಯ ಮಗ್ಗುಲಿಗೆ ಕೂತಿದ್ದಳು. ಕೂಸು ಅಳುತ್ತಿತ್ತು. ಅವಳು ಏಳಲಿಲ್ಲ. ಬಸವಂತ್ರಾಯನ ಅಕ್ಕ ಒಳಗಿನಿಂದ ಓಡಿ ಬಂದು ಎತ್ತಿಕೊಂಡಳು. ಈ ಕೈಗಳಿಂದ ಕೂಸನ್ನು ಮುಟ್ಟಲು ಅಂಜಿಕೆಯಾಗುತ್ತದೆ ಎಂದು ಮಲ್ಲಾಬಾಯಿ ಈಶಪ್ಪನ ಮುಂದೆ ಅತ್ತಳು. ಅವನು ತಲೆ ತಗ್ಗಿಸಿ ಸಾಮಾನು ಚೀಲಕ್ಕೆ ತುಂಬಿದ. ಬಸವಂತ್ರಾಯ ಬಂದು ನೇರವಾಗಿ ಕೇಳಿದ:

"ಅಂದ್ರ ಗೀಜರಿಂದು, ಪೈಪಿಂದು ಏನೂ ತಪ್ಪಿಲ್ಲಲ?"

"ಎಲ್ಲಾ ಬರೋಬ್ಬರಿ ಅದರಿ ಸರ," ಎಂದ ಈಶಪ್ಪ.

ಆ ಒಂದು ಮಾತಿಗೆ ಮುದುಕಿಯ ಹಣೆಬರಹ ತೀರ್ಮಾನವಾಯಿತು. ಮಾಸ್ತರ ಅಲ್ಲೇ ಅತ್ತೆಗೆ ಹೇಳಿದ: ದೇವಿಕಾ ಬರುವ ಮೊದಲು ನೀವು ಊರಿಗೆ ಹೋಗಿರಿ, ಬಾಣಂತನ ಅಕ್ಕ ನೋಡಿಕೊಳ್ಳುತ್ತಾಳೆ, ಇನ್ನು ಈ ಮನೆಗೆ ಬರುವುದು ಬೇಡ. ಮಲ್ಲಾಬಾಯಿ ಹೂಂ ಎಂದಳು. ಈಶಪ್ಪ ಚೀಲ ಹೆಗಲಿಗೇರಿಸಿದ. ಮಾಸ್ತರ ಕೈ ಕುಲುಕಿ ಕಳಿಸಿದ್ದು ಬೇರೆ.

ಮರುದಿನ ಬೆಳಗಾಗುತ್ತಲೇ ಅವನು ಕರೀಮನಿಗೆ ಫೋನು ಮಾಡಿ, ತಾನು ಬರುವ ತನಕ ಗೀಜರ್ ಹಚ್ಚಬೇಡಿರಿ ಎಂದ. ಆಮೇಲೆ ಓಡಿದ್ದು ಮಾಸ್ತರನ ಮನೆಗೆ. ಬಾಗಿಲ ಮುಂದೆ ಟಂಟಂ ಆಟೋ ನಿಂತಿತ್ತು. ಮಲ್ಲಾಬಾಯಿ ಗಂಟು ತೊಡೆಯ ಮೇಲಿಟ್ಟುಕೊಂಡು ಆಗಲೇ ಹತ್ತಿ ಕೂತಿದ್ದಳು.

"ಸರ, ಈ ಆಯೀದೇನೂ ತಪ್ಪಿಲ್ಲರಿ. ಪೈಪ್ ನಾ ಹೊರಗ ಬಿಟ್ಟಿದ್ದೇ ಇಲ್ಲ. ಸೀಲಿಂಗಿನಾಗೇ ಬಿಟ್ಟು ಮುಚ್ಚಿದ್ದೆ. ನಿನ್ನಿ ಬಂದು ಕಳ್ಳತನಲೇ ಸರಿ ಮಾಡಿ ಹೋಗೀನಿ."

ಬಸವಂತ್ರಾಯ ಅವನನ್ನು ಬಚ್ಚಲಿಗೆ ಕರೆದೊಯ್ದ, ತಾನೇ ಸ್ಟೂಲು ಹತ್ತಿ ಸೀಲಿಂಗಿನ ಮೇಲೆ ನೋಡಿದ. ಕೊಳವೆ ಗೋಡೆಯಾಚೆ ಹೋಗಿತ್ತು, ಸ್ಲ್ಯಾಬು ಬೆಳ್ಳಗಿತ್ತು. ಈಶಪ್ಪ ತನ್ನ ತಪ್ಪನ್ನು ತಾನೇ ತಿಕ್ಕಿ ತೊಳೆದಿಟ್ಟಿದ್ದ. ಮುದುಕಿ ಅತ್ತು ಕರೆದು ಹೀಗೆ ಹೇಳಿಸುತ್ತಿದ್ದಾಳೆ, ನಿನಗೂ ಕನಿಕರ ಬಂದಿದೆ, ಸಾಕು ನಡೆ ಎಂದು ಮಾಸ್ತರ ಗದರಿಸಿದ. ಹೊರಗೆ ಬಂದರೆ ಮಲ್ಲಾಬಾಯಿ ಕೈ ಮುಗಿದಳು.

"ನನ್ನ ಸಲುವಾಗಿ ನಿನ್ನ ಹೊಟ್ಟಿ ಮ್ಯಾಲ ನೀನೇ ಹೊಡ್ಕೋಬ್ಯಾಡಪ್ಪ. ನಿನ್ನ ಹಡೆದ ಹೊಟ್ಟಿ ತಣ್ಣಗಿರ್ಲಿ."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಈ ಹರಕೆ ಕೇಳಿ ಈಶಪ್ಪ ಟಂಟಂನ ಮುಂದೆ ಅಡ್ಡ ನಿಂತ, ಗಾಡಿ ಬಿಡಬೇಡ ಎಂದು ಡ್ರೈವರನ ಕೈ ಹಿಡಿದ.

"ಸರ, ಕರೀಮ್‌ಸಾಬರ ಮನ್ಯಾಗೂ ಹಿಂಗೇ ಮಾಡೀನ್ರಿ. ಅದನ್ನ ಇನ್ನಾ ಮುಟ್ಟಿಲ್ಲ. ಬಂದು ನಿಮ್ಮ ಕಣ್ಣಲೇ ನೋಡ್ರಿ."

ಮಾಸ್ತರನ ಮುಖ ಬದಲಾಯಿತು. ಸುಳ್ಳು ಕನಿಕರಕ್ಕೆ ಇನ್ನೊಂದು ಮನೆಯ ಪಾಪವನ್ನು ಯಾರಾದರೂ ತಲೆಯ ಮೇಲೆ ಎಳೆದುಕೊಳ್ಳುತ್ತಾರೆಯೇ? ಇಬ್ಬರೂ ಕರೀಮನ ಮನೆಗೆ ಹೋದರು. ಈಶಪ್ಪ ಹಲಗೆ ಬಿಚ್ಚಿ ಪಕ್ಕಕ್ಕೆ ಸರಿದ. ಕರೀಮ ಮೊಬೈಲಿನ ಬೆಳಕು ಹಿಡಿದ, ಬಸವಂತ್ರಾಯ ಇಣುಕಿದ. ಅಲ್ಲಿ ಕೊಳವೆಯ ಬಾಯಿ ಇತ್ತು, ಮಸಿ ಇತ್ತು, ಗೋಡೆಗೆ ತೂತು ಮಾತ್ರ ಇರಲಿಲ್ಲ. ಕರೀಮ ಬೋರಲು ಹಾಕಿದ್ದ ಬಕೀಟಿನ ಮೇಲೆ ಕುಸಿದು ಕೂತ. ತನ್ನ ಮೊಮ್ಮಕ್ಕಳು ದಿನಾ ಇಲ್ಲೇ ಮೀಯುತ್ತಾರೆ ಎಂದಷ್ಟೇ ಹೇಳಿದ, ಆಮೇಲೆ ಈಶಪ್ಪನ ಕಡೆ ನೋಡಲೂ ಇಲ್ಲ.

ತಿರುಗಿ ಮನೆ ಮುಟ್ಟಿದ ಮೇಲೆ ಬಸವಂತ್ರಾಯ ಟಂಟಂನ ಹತ್ತಿರ ಹೋಗಿ ಅತ್ತೆಯ ಗಂಟನ್ನು ತಾನೇ ಇಳಿಸಿದ, ಕಂಡದ್ದನ್ನು ತಡವರಿಸುತ್ತ ಹೇಳಿದ. ತಪ್ಪಾಯಿತು, ಒಳಗೆ ಬರ್ರಿ ಎಂದು ತಲೆ ಬಾಗಿಸಿ ನಿಂತ. ಆಗ ಮಲ್ಲಾಬಾಯಿ ಇಳಿದಳು. ಅಳಿಯನನ್ನು ದಾಟಿ ನೆಟ್ಟಗೆ ಈಶಪ್ಪನ ಮುಂದೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡ, ಹೊಡೆದರೆ ಒಳ್ಳೆಯದು ಎಂದೂ ಅವನಿಗೆ ಅನ್ನಿಸಿತು.

"ನಿನ್ನಿ ನಿನ್ನ ಮುಂದ ಕುಂತು ಅತ್ತೀನಿ. ಆಗಾದ್ರೂ ಹೇಳಬಾರದಿತ್ತೇನು?"

ದನಿ ಏರಿಸದೆ ಕೇಳಿದಳು. ಒಳಗೆ ಕೂಸು ಅಳತೊಡಗಿತು. ಮಲ್ಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನ ಉತ್ತರಕ್ಕೆ ಕಾಯದೆ, ಕೂಸನ್ನು ಎತ್ತಿಕೊಳ್ಳಲು ಒಳಗೆ ಹೋದಳು.